ಸ್ಟ್ಯಾಟಿಕ್ ಐಪಿ ಕೊಡೋಕೆ ಮೂರು ದಾರಿ: ನನ್ನ ವೋಟು ಕನ್ಸೋಲ್ ಕೇಬಲ್‌ಗೆ

ತಿಪಟೂರಿನ ಕೊಬ್ಬರಿ ಗೋಡೌನ್‌ಗಳಿಗೆ, ತುಮಕೂರಿನ ಅಂತರಸನಹಳ್ಳಿ ಕಡೆಯ ಚಿಕ್ಕ ವರ್ಕ್‌ಶಾಪ್‌ಗಳಿಗೆ ನೆಟ್‌ವರ್ಕ್ ಕೆಲಸ ಮಾಡಿಕೊಡುತ್ತೇನೆ. ಗೋಡೌನ್‌ಗಳಲ್ಲಿ ತೂಕದ ಯಂತ್ರದ ಪಕ್ಕ ಒಂದು ರಾಸ್ಪ್‌ಬೆರಿ ಪೈ 4, ಅಂದರೆ ಅಂಗೈಯಗಲದ ಪುಟ್ಟ ಕಂಪ್ಯೂಟರ್, ಇಡುತ್ತೇನೆ. ಅದು ತೂಕ ಓದಿ ಬಿಲ್ಲಿಂಗ್ ಕಂಪ್ಯೂಟರಿಗೆ ಕಳಿಸುತ್ತದೆ. ಕರೆಂಟ್ ಹೋಗಿ ಬಂದ ಮೇಲೆ ರೂಟರ್ ಅದಕ್ಕೆ ಬೇರೆ ಐಪಿ ನಂಬರ್ (ನೆಟ್‌ವರ್ಕ್‌ನಲ್ಲಿ ಅದರ ವಿಳಾಸ) ಕೊಟ್ಟರೆ ಮುಗೀತು. "ಅಣ್ಣಾ, ತೂಕ ಬರ್ತಿಲ್ಲ" ಅಂತ ಫೋನ್ ಬರುವ ಹೊತ್ತಿಗೆ ಬಾಗಿಲಲ್ಲಿ ಗಾಡಿಗಳು ಸಾಲುಗಟ್ಟಿರುತ್ತವೆ. ಹಾಗಾಗಿ ವಿಳಾಸ ಬದಲಾಗಲೇಬಾರದು, ಸ್ಟ್ಯಾಟಿಕ್ ಐಪಿ ಅಂದರೆ ಇದೇ. ಅದನ್ನು ಕಟ್ಟಿಹಾಕುವ ಮೂರು ದಾರಿಗಳನ್ನೂ ಬಳಸಿ ನೋಡಿದ್ದೇನೆ.

ಮೊದಲನೆಯದು ರೂಟರ್‌ನಲ್ಲೇ ರಿಸರ್ವೇಷನ್. ಪೈನ ಮ್ಯಾಕ್ ಅಡ್ರೆಸ್ (ಸಾಧನಕ್ಕೆ ತಯಾರಕರೇ ಕೊಟ್ಟ ಗುರುತು) ಬರೆದು, ಇದಕ್ಕೆ ಯಾವಾಗಲೂ ಇದೇ ಐಪಿ ಅಂತ ಹೇಳಿಬಿಡುವುದು. ಕೇಬಲ್ ಬೇಡ, ಪೈ ಮುಟ್ಟೋದೂ ಬೇಡ. ಹತ್ತಾರು ಕಂಪ್ಯೂಟರ್, ಪ್ರಿಂಟರ್ ಇರುವ ಆಫೀಸಿಗೆ ನಾನು ಇದನ್ನೇ ಹೇಳುತ್ತೇನೆ. ಎಲ್ಲ ಲೆಕ್ಕ ಒಂದೇ ಕಡೆ ಇರುತ್ತದೆ. ಆದರೆ ಆ ಲೆಕ್ಕ ಇರೋದು ರೂಟರ್ ಒಳಗೆ. ಇಂಟರ್‌ನೆಟ್‌ನವರು ಬಂದು ಹಳೇ ರೂಟರ್ ಬಿಚ್ಚಿ ಹೊಸದು ಹಾಕಿ ಹೋದರೆ ಪಟ್ಟಿಯೂ ಅದರ ಜೊತೆಗೇ ಹೋಗುತ್ತದೆ. ಯಾರಿಗೂ ಹೇಳಿರೋದಿಲ್ಲ. ಎಷ್ಟೋ ಕಡೆ ಯಜಮಾನರ ಹತ್ತಿರ ರೂಟರ್ ಪಾಸ್‌ವರ್ಡೇ ಇರಲ್ಲ.

ಎರಡನೆಯದು ಎಸ್‌ಎಸ್‌ಎಚ್‌ನಲ್ಲಿ, ಅಂದರೆ ನೆಟ್‌ವರ್ಕ್ ಮೂಲಕವೇ ಪೈನ ಒಳಗೆ ಹೋಗಿ ಬದಲಾಯಿಸೋದು. ಬೇಗ ಆಗುತ್ತದೆ, ಟೇಬಲ್ ಬಿಟ್ಟು ಏಳಬೇಕಿಲ್ಲ. ಆದರೆ ಯಾವ ವಿಳಾಸ ಹಿಡಿದು ಒಳಗೆ ಬಂದಿರೋ ಅದನ್ನೇ ಬದಲಾಯಿಸುತ್ತಿದ್ದೀರಿ. ಕೂತ ಕೊಂಬೆಯನ್ನೇ ಕಡಿಯುವ ಕೆಲಸ ಇದು. ಹೊಸ ಐಪಿ ಜಾರಿಗೆ ಬಂದ ಕ್ಷಣ ಸೆಷನ್ ನಿಂತುಹೋಗುತ್ತದೆ. 192.168.1.50 ಅನ್ನೋ ಕಡೆ ಒಂದು ಅಂಕಿ ಜಾಸ್ತಿಯಾಗಿ 192.168.11.50 ಅಂತ ಬಿದ್ದರೆ, ಪೈ ಎದುರಿಗೇ ಉರಿಯುತ್ತಿದ್ದರೂ ಕೈಗೆ ಸಿಗಲ್ಲ.

ಮೂರನೆಯದೇ ಸೀರಿಯಲ್ ಕನ್ಸೋಲ್, ಅಂದರೆ ಲ್ಯಾಪ್‌ಟಾಪನ್ನು ವೈರಿನಲ್ಲಿ ನೇರವಾಗಿ ಪೈಗೆ ಜೋಡಿಸಿ ಕಮಾಂಡ್ ಕೊಡೋದು. ಇದಕ್ಕೆ ನೆಟ್‌ವರ್ಕೇ ಬೇಡ. ಐಪಿ ಎಷ್ಟೇ ಕೆಟ್ಟಿರಲಿ, ಕನ್ಸೋಲ್ ಕಡಿದುಹೋಗಲ್ಲ. ತಪ್ಪು ಬಿದ್ದರೆ ಅಲ್ಲೇ ಕೂತು ತಿದ್ದಬಹುದು. ಮಾನಿಟರ್, ಕೀಬೋರ್ಡ್ ಹೊತ್ತುಕೊಂಡು ಹೋಗಬೇಕಿಲ್ಲ, ಲ್ಯಾಪ್‌ಟಾಪ್ ಒಂದಿದ್ದರೆ ಸಾಕು.

ಬೇಕಾಗೋದು ಲ್ಯಾಪ್‌ಟಾಪ್‌ನ ಯುಎಸ್‌ಬಿಯನ್ನು ಪೈನ ಪಿನ್‌ಗಳಿಗೆ ಸೇರಿಸುವ ಒಂದು ಯುಎಸ್‌ಬಿ ಟಿಟಿಎಲ್ ಅಡಾಪ್ಟರ್, ಮೂರು ವೈರ್. ಪೈನ ಕಾನ್ಫಿಗ್ ಫೈಲ್‌ನಲ್ಲಿ ಯುಎಆರ್‌ಟಿ (ಪೈನ ಸೀರಿಯಲ್ ಪೋರ್ಟ್) ಆನ್ ಮಾಡುವ ಸಾಲನ್ನು ಮೊದಲೇ ಸೇರಿಸಿರಬೇಕು. ಪೈನ 6ನೇ ಪಿನ್ ಗ್ರೌಂಡ್, 8ನೆಯದು ಕಳಿಸುವುದು (ಟಿಎಕ್ಸ್), 10ನೆಯದು ಪಡೆಯುವುದು (ಆರ್‌ಎಕ್ಸ್). ಅಡಾಪ್ಟರ್‌ನ ಟಿಎಕ್ಸ್ ಪೈನ ಆರ್‌ಎಕ್ಸ್‌ಗೆ, ಆರ್‌ಎಕ್ಸ್ ಟಿಎಕ್ಸ್‌ಗೆ, ಅಡ್ಡಡ್ಡ ಹೋಗಬೇಕು. ಪೈಗೆ ಬೇರೆ ಚಾರ್ಜರ್ ಇದ್ದರೆ ಪವರ್ ವೈರ್ ಹಾಕಲೇಬೇಡಿ. ಅಡಾಪ್ಟರ್‌ನಲ್ಲಿ ವೋಲ್ಟೇಜ್ ಜಂಪರ್ ಇದ್ದರೆ 3.3ಕ್ಕೇ ಇರಲಿ, ಪೈನ ಪಿನ್‌ಗಳು 5 ವೋಲ್ಟ್ ತಡೆಯಲ್ಲ. ತೂಕದ ಯಂತ್ರದ ಹಿಂದಿರುವ ಒಂಬತ್ತು ಪಿನ್ನಿನ ಆರ್‌ಎಸ್-232 ಕೇಬಲ್ಲೂ ಸೀರಿಯಲ್ಲೇ ಅಲ್ವಾ ಅಂತ ಅದನ್ನು ನೇರವಾಗಿ ಇಲ್ಲಿಗೆ ಸಿಕ್ಕಿಸಿದರೆ ಬೋರ್ಡ್ ಸುಟ್ಟುಹೋಗಬಹುದು.

ಸ್ಪೀಡ್ ಸೆಕೆಂಡಿಗೆ 115200 ಬಿಟ್. ಲ್ಯಾಪ್‌ಟಾಪ್‌ನಲ್ಲಿ ಟರ್ಮಿನಲ್ (ಕಮಾಂಡ್ ಬರೆಯುವ ಕಿಟಕಿ) ತೆರೆದಾಗ ಪರದೆ ಖಾಲಿ ಇರುತ್ತದೆ, ಹೆದರಬೇಡಿ. ಒಂದು ಸಲ ಎಂಟರ್ ಒತ್ತಿ, ಲಾಗಿನ್ ಸಾಲು ಬರುತ್ತದೆ. ಅರ್ಥವಿಲ್ಲದ ಅಕ್ಷರಗಳು ಬಂದರೆ ಮೊದಲು ಸ್ಪೀಡ್ ನೋಡಿ. ಏನೂ ಬರದಿದ್ದರೆ ಟಿಎಕ್ಸ್, ಆರ್‌ಎಕ್ಸ್ ಎರಡು ವೈರ್ ಅದಲುಬದಲು ಮಾಡಿ ನೋಡಿ.

ಒಳಗೆ ಹೋದ ಮೇಲೂ ಆಯ್ಕೆ ಇದೆ. ಪೈನ ಆಪರೇಟಿಂಗ್ ಸಿಸ್ಟಮ್‌ನ 2023ರ ಬುಕ್‌ವರ್ಮ್ ಆವೃತ್ತಿಯಿಂದ ಐಪಿ ನೋಡಿಕೊಳ್ಳಲು ನೆಟ್‌ವರ್ಕ್ ಮ್ಯಾನೇಜರ್ ಅನ್ನೋ ಪ್ರೋಗ್ರಾಂ ಬಂದಿದೆ. ಹಳೇ ಪಾಠಗಳಲ್ಲಿರುವ ಡಿಎಚ್‌ಸಿಪಿಸಿಡಿ (ಮೊದಲು ಈ ಕೆಲಸ ಮಾಡುತ್ತಿದ್ದ ಪ್ರೋಗ್ರಾಂ) ಫೈಲ್ ತಿದ್ದಿದರೆ ಇಲ್ಲಿ ಏನೂ ಆಗಲ್ಲ. ಅದರ ಎನ್‌ಎಂಟಿಯುಐ ಅನ್ನೋ ಮೆನು ಹೊಸಬರಿಗೆ ಚೆನ್ನ, ಆದರೆ ಸೀರಿಯಲ್ ಪರದೆಯಲ್ಲಿ ಅದರ ಚೌಕಟ್ಟಿನ ಗೆರೆಗಳು ಒಮ್ಮೊಮ್ಮೆ ಚೆಲ್ಲಾಪಿಲ್ಲಿಯಾಗುತ್ತವೆ. ನನಗೆ ಎನ್‌ಎಂಸಿಎಲ್‌ಐ ಕಮಾಂಡೇ ಇಷ್ಟ. ಮೆಥಡ್ ಮ್ಯಾನ್ಯುಯಲ್ (ವಿಳಾಸ ನಾವೇ ಕೊಡುತ್ತೇವೆ) ಅನ್ನೋದನ್ನೂ ವಿಳಾಸವನ್ನೂ ಒಂದೇ ಸಾಲಿನಲ್ಲಿ ಕೊಡಿ. ವಿಳಾಸ ಕೊಡದೆ ಮ್ಯಾನ್ಯುಯಲ್ ಅಂದರೆ ಅದು ಒಪ್ಪೋದಿಲ್ಲ. ಗೇಟ್‌ವೇ (ರೂಟರ್‌ನ ವಿಳಾಸ), ಡಿಎನ್‌ಎಸ್ (ವೆಬ್ ಹೆಸರುಗಳನ್ನು ಐಪಿಗೆ ಬದಲಿಸುವ ಸರ್ವರ್) ಕೂಡ ಅದೇ ಸಾಲಿಗೆ ಸೇರಿಸಿ, ಕನೆಕ್ಷನ್ ಮತ್ತೆ ಮೇಲೆಬ್ಬಿಸಿ. ಲಿನಕ್ಸ್‌ನ 'ip' ಅನ್ನೋ ಕಮಾಂಡ್‌ನಲ್ಲಷ್ಟೇ ಕೊಟ್ಟ ವಿಳಾಸ ರೀಬೂಟ್ ಆದರೆ ಹೋಗುತ್ತದೆ. ಅದು ಪರೀಕ್ಷೆಗೆ ಮಾತ್ರ.

ಲ್ಯಾಪ್‌ಟಾಪ್ ಕಡೆ, ವಿಂಡೋಸ್ ಇದ್ದರೆ ಟರ್ಮಿನಲ್‌ಗೆ ಪುಟ್ಟಿ ಅನ್ನೋ ಪ್ರೋಗ್ರಾಂ ಸಾಕು. ಲಿನಕ್ಸ್‌ನಲ್ಲಿ ಮಿನಿಕಾಮ್‌ಗಿಂತ ಪಿಕೊಕಾಮ್ ವಾಸಿ. ಮಿನಿಕಾಮ್‌ನಲ್ಲಿ ಹಾರ್ಡ್‌ವೇರ್ ಫ್ಲೋ ಕಂಟ್ರೋಲ್ (ಬೇರೆ ವೈರ್‌ಗಳ ಸಂಕೇತಕ್ಕೆ ಕಾದು ಕಳಿಸುವ ಸೆಟ್ಟಿಂಗ್) ಆನ್ ಇದ್ದರೆ ಮೂರು ವೈರಿನ ಜೋಡಣೆಯಲ್ಲಿ ಪರದೆ ಕಾಣುತ್ತದೆ, ಟೈಪ್ ಮಾಡಿದ್ದು ಮಾತ್ರ ಹೋಗಲ್ಲ. ಪಿಕೊಕಾಮ್‌ಗೆ ಸ್ಪೀಡ್, ಪೋರ್ಟ್ ಹೇಳಿದರೆ ಸುಮ್ನೆ ಕೆಲಸ ಮಾಡುತ್ತದೆ.

ಸಿಸ್ಕೋ ಕಂಪನಿಯ ಸ್ವಿಚ್‌ಗೂ (ನೆಟ್‌ವರ್ಕ್ ಕೇಬಲ್‌ಗಳನ್ನು ಕೂಡಿಸುವ ಪೆಟ್ಟಿಗೆ) ಇದೇ ದಾರಿ. ಕೇಬಲ್ ಮಾತ್ರ ಬೇರೆ, ಚಪ್ಪಟೆ ನೀಲಿಯದು. ಸ್ಪೀಡ್ 9600. ಅಲ್ಲಿ ವಿಳಾಸ ಕೊಡೋದು ವಿಲ್ಯಾನ್ 1ಕ್ಕೆ (ಸ್ವಿಚ್‌ನಲ್ಲಿ ಮೊದಲೇ ಇರುವ ಒಳ ನೆಟ್‌ವರ್ಕ್), ಕೊನೆಗೆ ಕಾನ್ಫಿಗ್ ಸೇವ್ ಮಾಡಲೇಬೇಕು.

ಕನ್ಸೋಲ್‌ನ ದೊಡ್ಡ ಕೊರತೆ ಅಂದರೆ ಖುದ್ದಾಗಿ ಹೋಗಬೇಕು. ಹೊಸ ರೂಟರ್ 192.168.0 ಸಾಲಿನದಾದರೆ ಪೈನ ಸ್ಟ್ಯಾಟಿಕ್ ಐಪಿಯೂ ಹೊರಗುಳಿಯುತ್ತದೆ, ಬಸ್ ಹತ್ತಲೇಬೇಕು. ಹಾಗಿದ್ದರೂ ತೂಕದ ಯಂತ್ರದಂಥ ಒಂಟಿ ಸಾಧನಕ್ಕೆ ನಾನು ಇದನ್ನೇ ಮಾಡುತ್ತೇನೆ. ರೂಟರ್ ಹಂಚುವ ವಿಳಾಸಗಳ ಕೊನೆಯ ನಂಬರ್ 100ರಿಂದ ಶುರುವಾದರೆ ಪೈಗೆ 50 ಕೊಡುತ್ತೇನೆ, ಆಗ ಡಿಕ್ಕಿಯಾಗಲ್ಲ. ಆಮೇಲೆ ಪೈ ಆರಿಸಿ ಹಚ್ಚಿ, ಬಿಲ್ಲಿಂಗ್ ಕಂಪ್ಯೂಟರಿನಿಂದ ಪಿಂಗ್ ಮಾಡುತ್ತೇನೆ (ಪೈ ಉತ್ತರ ಕೊಡುತ್ತದಾ ಅಂತ ನೋಡೋದು). ಐಪಿ, ಗೇಟ್‌ವೇ, ಕನ್ಸೋಲ್ ಸ್ಪೀಡ್ ಮೂರನ್ನೂ ಬರೆದು ಡಬ್ಬಿಯ ಮುಚ್ಚಳದ ಒಳಗೆ ಅಂಟಿಸುತ್ತೇನೆ. ಮುಂದೆ ಬೇರೆ ಯಾರೇ ರಿಪೇರಿಗೆ ಬಂದರೂ ಹುಡುಕಾಡಬೇಕಿಲ್ಲ.