ಅಡಿಕೆ ಬೆಳೆಗಾರರ ಟೆಲಿಗ್ರಾಂ ಗುಂಪಿಗೆ ರೋಸ್ ಬಾಟ್: ಕೆಲವು ವರ್ಷ ಬಳಸಿದ ಮೇಲೆ

ಗುಂಪು ಕಾಯುವ ಬಾಟ್ ರೋಸ್ ಹಾಕಿದರೆ ಸ್ಪ್ಯಾಮ್, ಅಂದರೆ ಬೇಡದ ಜಾಹೀರಾತು, ಮೋಸದ ಮೆಸೇಜು, ನಿಲ್ಲುತ್ತಾ ಅಂತ ಗುಂಪು ನಡೆಸುವ ಗೆಳೆಯರು ಕೇಳುತ್ತಲೇ ಇರುತ್ತಾರೆ. ಗುಂಪಿನೊಳಗೆ ಬಹುಪಾಲು ನಿಲ್ಲುತ್ತದೆ. ಸದಸ್ಯರ ಇನ್‌ಬಾಕ್ಸಿನಲ್ಲಿ ನಿಲ್ಲುವುದಿಲ್ಲ, ಮತ್ತು ದುಡ್ಡು ಹೋಗುವುದು ಅಲ್ಲೇ. ಈ ವ್ಯತ್ಯಾಸ ಗೊತ್ತಿಟ್ಟುಕೊಂಡು ಬಳಸಿದರೆ ಇಷ್ಟು ಉಪಯೋಗದ ಪುಕ್ಕಟೆ ಬಾಟ್ ಇನ್ನೊಂದು ನನಗೆ ಸಿಕ್ಕಿಲ್ಲ.

ನಮ್ಮದು ಶಿರಸಿ, ಸಾಗರ, ತೀರ್ಥಹಳ್ಳಿ, ಪುತ್ತೂರು ಕಡೆಯ ಅಡಿಕೆ ಬೆಳೆಗಾರರ ಗುಂಪು. ಕೆಲವು ನೂರು ಜನ ಇದ್ದೇವೆ. ಬೆಳಿಗ್ಗೆ ರಾಶಿ, ಬೆಟ್ಟೆ, ಚಾಲಿ ಅಡಿಕೆಯ ಧಾರಣೆ ಬರುತ್ತದೆ. ಮಳೆಗಾಲದಲ್ಲಿ ಕೊಳೆ ರೋಗ, ಬೋರ್ಡೋ ದ್ರಾವಣದ ಮಾತು, ಈಚೆಗೆ ಎಲೆಚುಕ್ಕಿಯ ಗೋಳು. ಇಂಥ ಗುಂಪಿಗೆ ಸ್ಪ್ಯಾಮರ್ ಯಾಕೆ ಬರುತ್ತಾನೆ ಅನ್ನಿಸಬಹುದು. ಅವನಿಗೆ ಅಡಿಕೆಯೂ ಒಂದೇ, ಆಲೂಗಡ್ಡೆಯೂ ಒಂದೇ. ಹುಡುಕಿದರೆ ಸಿಗುವ ಗುಂಪು, ಅದರಲ್ಲಿ ಮಾತಾಡುವ ಜನ, ಅಷ್ಟಿದ್ದರೆ ಸಾಕು. ಬರುವ ಸರಕೂ ಎಲ್ಲ ಕಡೆ ಒಂದೇ ಥರ. ಯೂಟ್ಯೂಬ್ ವಿಡಿಯೋಗೆ ಲೈಕ್ ಒತ್ತಿದರೆ 50 ರೂಪಾಯಿ, ಮನೆಯಲ್ಲೇ ಕೂತು ಕೆಲಸ, ಮೂರು ದಿನದಲ್ಲಿ ಡಬಲ್ ಆಗುವ ಶೇರು, ಕ್ರಿಪ್ಟೋ. ಲೈಕ್ ಕೆಲಸದ ವರಸೆ ಗೊತ್ತಲ್ಲ, ಮೊದಲು ನೂರಿನ್ನೂರು ನಿಜವಾಗಿಯೂ ಖಾತೆಗೆ ಹಾಕುತ್ತಾರೆ, ನಂಬಿಕೆ ಬಂದ ಮೇಲೆ ದೊಡ್ಡ ಟಾಸ್ಕ್ ಬೇಕಾದರೆ ಡೆಪಾಸಿಟ್ ಕಟ್ಟಿ ಅನ್ನುತ್ತಾರೆ, ಅಲ್ಲಿಂದ ಮುಂದೆ ಕಟ್ಟಿದ್ದೆಲ್ಲ ಗೋವಿಂದ.

ರೋಸ್ ಬಗ್ಗೆ ಗೊತ್ತಿಲ್ಲದವರಿಗೆ ಎರಡು ಮಾತು. ಇದು ಟೆಲಿಗ್ರಾಂ ಬಾಟ್, ಅಂದರೆ ಗುಂಪಿನಲ್ಲಿ ತಾನೇ ಕೆಲಸ ಮಾಡುವ ಪ್ರೋಗ್ರಾಂ, ದುಡ್ಡು ಕೊಡಬೇಕಿಲ್ಲ. ಗುಂಪಿಗೆ ಸೇರಿಸಿ ಅಡ್ಮಿನ್ ಮಾಡಬೇಕು. ಮೆಸೇಜ್ ಅಳಿಸುವ, ಜನರನ್ನು ಬ್ಯಾನ್ ಮಾಡುವ ಅಧಿಕಾರ ಕೊಟ್ಟರೆ ಸಾಕು. ಹೊಸ ಅಡ್ಮಿನ್ ಮಾಡುವ ಅಧಿಕಾರ ಯಾವ ಬಾಟಿಗೂ ಬೇಡ. ಇದೇ ಹೆಸರು, ಇದೇ ಚಿತ್ರ ಇಟ್ಟುಕೊಂಡ ನಕಲಿಗಳೂ ಇವೆ, ಯೂಸರ್‌ನೇಮ್ ಅಕ್ಷರ ಅಕ್ಷರ ನೋಡಿ ಸೇರಿಸಿ. ಇನ್ನೊಂದು ವಿಷಯ, ಅಡ್ಮಿನ್ ಆದ ಬಾಟ್ ಗುಂಪಿನ ಎಲ್ಲ ಮೆಸೇಜನ್ನೂ ಓದಬಲ್ಲದು. ಧಾರಣೆ ಮಾತಾಡುವ ಗುಂಪಿಗೆ ಅದು ತೊಂದರೆ ಅಲ್ಲ. ಮನೆ ವಿಷಯ, ಆರೋಗ್ಯದ ವಿಷಯ ಮಾತಾಡುವ ಗುಂಪಾದರೆ ಒಮ್ಮೆ ಯೋಚಿಸಿ.

ಎಲ್ಲರೂ ಮೊದಲು ಆನ್ ಮಾಡುವುದು ಕ್ಯಾಪ್ಚಾ. ಒಳಗೆ ಬಂದವರ ಬಾಯಿ ಕಟ್ಟಿ, ಗುಂಡಿ ಒತ್ತಿದ ಮೇಲೆ ಬಿಡುವ ವ್ಯವಸ್ಥೆ. ಲೆಕ್ಕ ಬಿಡಿಸುವ, ಚಿತ್ರದ ಅಕ್ಷರ ಓದುವ ಬಗೆಗಳೂ ಇವೆ. ನಮ್ಮ ಗುಂಪಿಗೆ ಗುಂಡಿಯೇ ಸರಿ. ಅರವತ್ತು ದಾಟಿದ, ಕೊನೆಕೊಯ್ಲಿನ ಮಧ್ಯೆ ಫೋನ್ ತೆಗೆದ ರೈತರಿಗೆ ಓರೆಕೋರೆ ಇಂಗ್ಲಿಷ್ ಅಕ್ಷರ ಓದಿಸಿದರೆ ಅವರು ಬಿಟ್ಟೇ ಹೋಗುತ್ತಾರೆ. ಸ್ಪ್ಯಾಮರ್ ಮಾತ್ರ ತಾಳ್ಮೆಯಿಂದ ಬಿಡಿಸುತ್ತಾನೆ, ಅವನಿಗೆ ಅದೇ ಕಸುಬು. ಗುಂಡಿಯ ಮೇಲಿನ ಬರಹ ಬದಲಿಸಲು ಬರುತ್ತದೆ, ಕನ್ನಡದಲ್ಲಿ 'ಇಲ್ಲಿ ಒತ್ತಿ' ಅಂತ ಹಾಕಿ. ಅಷ್ಟಕ್ಕೇ ಎಷ್ಟೋ ಜನ ಸುಲಭವಾಗಿ ಒಳಗೆ ಬರುತ್ತಾರೆ.

ನಿಜವಾದ ಕೆಲಸ ಮಾಡುವುದು ಲಾಕ್ ಮತ್ತು ಅಪ್ರೂವ್ ಜೋಡಿ. ಲಿಂಕ್, ಫಾರ್ವರ್ಡ್, ಬೇರೆ ಗುಂಪಿನ ಆಹ್ವಾನ, ಫೋನ್ ನಂಬರ್, ಇವನ್ನೆಲ್ಲ ಒಂದೊಂದಾಗಿ ಲಾಕ್ ಮಾಡಬಹುದು. ಲಾಕ್ ಆದದ್ದನ್ನು ಯಾರು ಹಾಕಿದರೂ ಬಾಟ್ ಅಳಿಸುತ್ತದೆ. ಅಪ್ರೂವ್ ಮಾಡಿದವರಿಗೆ ಈ ಲಾಕ್ ಯಾವುದೂ ತಾಗುವುದಿಲ್ಲ. ಹಾಗಾಗಿ ನಾವು ಬಾಗಿಲಲ್ಲಿ ಜಾಸ್ತಿ ಪ್ರಶ್ನೆ ಕೇಳುವುದಿಲ್ಲ. ಯಾರು ಬೇಕಾದರೂ ಬನ್ನಿ, ಮಾತಾಡಿ. ಲಿಂಕ್ ಹಾಕುವುದು, ಫಾರ್ವರ್ಡ್ ಮಾಡುವುದು ಮಾತ್ರ ನಾಲ್ಕು ದಿನ ಮಾತಾಡಿ ಪರಿಚಯ ಆದ ಮೇಲೆ. ಸಸಿ ಮಾರುವವರು ನಂಬರ್ ಹಾಕಬೇಕು ಅಂದರೆ ಅಡ್ಮಿನ್‌ಗೆ ಹೇಳುತ್ತಾರೆ, ಅಪ್ರೂವ್ ಮಾಡುತ್ತೇವೆ. ದಿನಾ ಧಾರಣೆ ಬರುವ ಜಾಲತಾಣದ ವಿಳಾಸವನ್ನು ಅಲೋಲಿಸ್ಟ್‌ಗೆ, ಅಂದರೆ ಅಳಿಸಬಾರದ ವಿಳಾಸಗಳ ಪಟ್ಟಿಗೆ, ಸೇರಿಸಿದ್ದೇವೆ, ಅದನ್ನು ಯಾರು ಹಾಕಿದರೂ ಉಳಿಯುತ್ತದೆ.

ಲಾಕ್‌ಗಳಲ್ಲಿ ಒಂದು ಸಣ್ಣದು ನನಗೆ ತುಂಬ ಇಷ್ಟ. ರಷ್ಯನ್ ಲಿಪಿ, ಅಂದರೆ ಸಿರಿಲಿಕ್, ಅದನ್ನೇ ಲಾಕ್ ಮಾಡಬಹುದು. ಮಲೆನಾಡಿನ ಗುಂಪಿಗೆ ರಷ್ಯನ್ ಯಾರು ಬರೀತಾರೆ ಅಲ್ವಾ? ಆದರೆ ಸ್ಪ್ಯಾಮರ್‌ಗಳು ಇಂಗ್ಲಿಷ್ ಪದದ ಮಧ್ಯೆ ನೋಡಲು ಥೇಟ್ ಒಂದೇ ಥರ ಕಾಣುವ ಸಿರಿಲಿಕ್ ಅಕ್ಷರ ತುರುಕುತ್ತಾರೆ. 'crypto' ಅನ್ನುವ ಪದವನ್ನು ನೀವು ನಿಷೇಧಿಸಿದರೂ ಅವರ 'crypto'ದಲ್ಲಿ ಕೊನೆಯ ಓ ರಷ್ಯಾದ್ದು. ಕಣ್ಣಿಗೆ ಗೊತ್ತಾಗುವುದಿಲ್ಲ, ಪದಪಟ್ಟಿಗೂ ಗೊತ್ತಾಗುವುದಿಲ್ಲ, ಈ ಲಾಕ್‌ಗೆ ಗೊತ್ತಾಗುತ್ತದೆ. ಚೀನೀ ಲಿಪಿಯನ್ನೂ ಹಾಗೇ ಮುಚ್ಚಿದ್ದೇವೆ. ಬಲದಿಂದ ಎಡಕ್ಕೆ ಬರೆಯುವ ಲಿಪಿಗಳಿಗೂ ಲಾಕ್ ಇದೆ. ಅದನ್ನು ಹಾಕಿಲ್ಲ, ಹಾಕುವುದೂ ಇಲ್ಲ. ನಮ್ಮಲ್ಲಿ ಉರ್ದು ಬರೆಯುವ ಬೆಳೆಗಾರರೂ ವ್ಯಾಪಾರಿಗಳೂ ಇದ್ದಾರೆ.

ಬ್ಲಾಕ್‌ಲಿಸ್ಟ್, ಅಂದರೆ ನಿಷೇಧಿತ ಪದಗಳ ಪಟ್ಟಿ, ಕನ್ನಡಕ್ಕೆ ಅಷ್ಟಾಗಿ ಹೊಂದುವುದಿಲ್ಲ. ಇದು ರೋಸ್ ತಪ್ಪೇನಲ್ಲ, ಪದಪಟ್ಟಿ ಅನ್ನುವ ಉಪಾಯದ ಮಿತಿಯೇ ಅದು. ಹೂಡಿಕೆ ಅಂತ ಹಾಕಿದರೆ ಹೂಡಿಕೆಗೆ, ಹೂಡಿಕೆಯಿಂದ, ಹೂಡಿಕೆದಾರ ಎಲ್ಲ ತಪ್ಪಿಸಿಕೊಳ್ಳುತ್ತವೆ. ಕೊನೆಗೆ ನಕ್ಷತ್ರ ಚಿಹ್ನೆ ಸೇರಿಸಿದರೆ ಮುಂದಿನ ಪ್ರತ್ಯಯಗಳೂ ಸಿಗುತ್ತವೆ, ಸರಿ. ಆ ಧೈರ್ಯದಲ್ಲಿ 'ಸಾಲ' ಅಂತ ಬರೆದು ನಕ್ಷತ್ರ ಹಾಕುವ ಆಸೆ ಬರುತ್ತದೆ, ಸಾಲದ ಆ್ಯಪ್‌ಗಳ ಕಾಟ ಹಾಗಿದೆ. ಹಾಕಬೇಡಿ. ಕಂಪ್ಯೂಟರಿನ ಲೆಕ್ಕದಲ್ಲಿ 'ಸಾಲು' ಅಂದರೆ 'ಸಾಲ'ದ ಮುಂದೆ ಒಂದು ಉಕಾರ, 'ಸಾಲಿನ' ಅಂದರೆ ಅದೇ ಸಾಲದ ಮುಂದೆ ಇನ್ನೇನೋ. ಎರಡು ಸಾಲು ಅಡಿಕೆ ನಡುವೆ ಕಾಳುಮೆಣಸು ಹಾಕಬಹುದಾ ಅಂತ ಕೇಳಿದವರ ಪ್ರಶ್ನೆಯೂ ಹೋಗುತ್ತದೆ, ಈ ಸಾಲಿನ ಬೆಳೆ ವಿಮೆ ಯಾವಾಗ ಅಂದವರದ್ದೂ ಹೋಗುತ್ತದೆ. ಸೊಸೈಟಿಯ ಬೆಳೆಸಾಲದ ಮಾತಂತೂ ನಮಗೆ ಬೇಕೇ ಬೇಕು. ಇನ್ನು ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುವವರದ್ದು ಮುಗಿಯದ ಕಥೆ, ಒಬ್ಬೊಬ್ಬರದ್ದು ಒಂದೊಂದು ಸ್ಪೆಲ್ಲಿಂಗ್. ನಮ್ಮ ಪಟ್ಟಿಯಲ್ಲಿ ಈಗ ಉಳಿದಿರುವುದು ಸ್ಪ್ಯಾಮಿನಲ್ಲಿ ಮಾತ್ರ ಬರುವ ಕೆಲವು ಇಂಗ್ಲಿಷ್ ಪದಗುಚ್ಛ ಮತ್ತು ಚಿಕ್ಕದು ಮಾಡಿದ ಲಿಂಕುಗಳ ವಿಳಾಸ, ಅಷ್ಟೇ.

ಒಬ್ಬರೇ ಮೆಸೇಜ್ ಮೇಲೆ ಮೆಸೇಜ್ ಸುರಿದರೆ ತಡೆಯುವ ಆ್ಯಂಟಿಫ್ಲಡ್ ಚೆನ್ನಾಗಿದೆ, ಆದರೆ ಎಲೆಚುಕ್ಕಿ ಬಿದ್ದ ಸೋಗೆಯ ಫೋಟೋಗಳನ್ನು ಒಂದರ ಹಿಂದೆ ಒಂದು ಕಳಿಸುವ ಅಭ್ಯಾಸ ನಮ್ಮವರಿಗಿದೆ, ಮಿತಿ ಸ್ವಲ್ಪ ದೊಡ್ಡದು ಇಡಿ. ಒಟ್ಟಿಗೆ ಹತ್ತಾರು ಖಾತೆ ನುಗ್ಗಿದರೆ ತಡೆಯುವ ಆ್ಯಂಟಿರೇಡ್ ನಮಗೆ ಜಾಸ್ತಿ ಬೇಕಾಗಿಲ್ಲ.

ಅಕ್ಕಪಕ್ಕದ ಕಾಳುಮೆಣಸು, ಕಾಫಿ ಗುಂಪುಗಳ ಜೊತೆ ಫೆಡರೇಶನ್ ಮಾಡಿಕೊಂಡಿದ್ದೇವೆ. ಒಂದು ಕಡೆ ಫೆಡ್‌ಬ್ಯಾನ್ ಮಾಡಿದರೆ ಎಲ್ಲ ಕಡೆ ಬಾಗಿಲು ಬಂದ್. ಸ್ಪ್ಯಾಮಿಗೆ ಬಹಳ ಒಳ್ಳೆಯದು. ಅಪಾಯ ಏನೆಂದರೆ, ಯಾವುದೋ ಒಬ್ಬ ಅಡ್ಮಿನ್‌ಗೆ ಸಿಟ್ಟು ಬಂದರೆ ಒಬ್ಬ ರೈತ ಒಂದೇ ಏಟಿಗೆ ಎಲ್ಲ ಗುಂಪಿನಿಂದ ಹೊರಗೆ. ಹಾಗಾಗಿ ಫೆಡ್‌ಬ್ಯಾನ್ ಸ್ಪ್ಯಾಮಿಗೆ ಮಾತ್ರ, ಜಗಳಕ್ಕೆ ಖಂಡಿತ ಇಲ್ಲ ಅನ್ನುವ ಕರಾರಿನ ಮೇಲೇ ಸೇರಿದ್ದು.

ಈಗ ಟ್ರೋಲ್‌ಗಳ, ಅಂದರೆ ಬೇಕಂತಲೇ ಕೆಣಕುವವರ ವಿಷಯ. ಸ್ಪ್ಯಾಮರ್‌ನನ್ನು ಗುರುತಿಸುವುದು ಸುಲಭ, ಇವರನ್ನು ಗುರುತಿಸುವುದು ಕಷ್ಟ. 2022ರಲ್ಲಿ ಭೂತಾನಿನಿಂದ ವರ್ಷಕ್ಕೆ 17,000 ಟನ್ ಹಸಿ ಅಡಿಕೆ ತರಿಸಲು ಕೇಂದ್ರ ಅನುಮತಿ ಕೊಟ್ಟಾಗ ಎಲ್ಲ ಅಡಿಕೆ ಗುಂಪುಗಳೂ ಕುದಿಯುತ್ತಿದ್ದವು. 2023ರ ಫೆಬ್ರವರಿಯಲ್ಲಿ ಕನಿಷ್ಠ ಆಮದು ಬೆಲೆ ಕಿಲೋಗೆ 251ರಿಂದ 351 ರೂಪಾಯಿಗೆ ಏರಿದಾಗ ಅದರ ಶ್ರೇಯಸ್ಸು ಯಾರಿಗೆ ಅಂತ ಮತ್ತೆ ಕಿತ್ತಾಟ. ಇದೆಲ್ಲ ಟ್ರೋಲಿಂಗ್ ಅಲ್ಲ. ಹೊಟ್ಟೆಪಾಡಿನ ವಿಷಯಕ್ಕೆ ಜನ ಕೂಗಾಡುತ್ತಾರೆ, ಕೂಗಾಡಲಿ. ಅದಕ್ಕೆ ಬಾಟ್ ಬೇಡ. ಟೆಲಿಗ್ರಾಂನದ್ದೇ ಸ್ಲೋ ಮೋಡ್ ಸಾಕು, ಒಬ್ಬೊಬ್ಬರಿಗೆ ಐದು ನಿಮಿಷಕ್ಕೆ ಒಂದು ಮೆಸೇಜ್ ಅಂತ ಇಟ್ಟರೆ ಒಂದು ಸಂಜೆಯೊಳಗೆ ತಣ್ಣಗಾಗುತ್ತದೆ. ಐದು ನಿಮಿಷ ಕಾಯಬೇಕು ಅಂದಾಗ ಬೈಗುಳ ಬರೆಯುವವರೂ ಒಂದು ಪೂರ್ತಿ ವಾಕ್ಯ ಬರೆಯುತ್ತಾರೆ, ಇದು ನಾನು ಕಂಡ ಸತ್ಯ.

ಟ್ರೋಲ್ ಬೇರೆ. ಅಡಿಕೆ ಕ್ಯಾನ್ಸರ್‌ಕಾರಕ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಷ್ಟು ಹಿಂದೆಯೇ ಹೇಳಿದೆ. ಅದನ್ನು ಗುಂಪಿನಲ್ಲಿ ಎತ್ತಿ, ಮುಂದೆ ಯಾವ ಬೆಳೆ ನೋಡಬೇಕು ಅಂತ ಕೇಳುವವರು ನಮಗೆ ಬೇಕು, ಕೇಳಲು ಎಷ್ಟೇ ಕಹಿ ಇರಲಿ. 'ವಿಷ ಬೆಳೆದು ಬಂಗಲೆ ಕಟ್ಟಿದವರು' ಅಂತ ಒಂದು ಸಾಲು ಎಸೆದು, ಉತ್ತರ ಬಂದಾಗ ಓದದೆ, ಮತ್ತೆ ಅದೇ ಸಾಲನ್ನು ಇನ್ನೊಬ್ಬರ ಕೊಳೆ ರೋಗದ ಪ್ರಶ್ನೆಗೆ ಅಂಟಿಸುವವರು ಟ್ರೋಲ್. ನಾನು ನೋಡುವುದು ಅದೊಂದನ್ನೇ, ಉತ್ತರಕ್ಕೆ ಉತ್ತರ ಕೊಡುತ್ತಾರಾ ಇಲ್ಲವಾ. ಅಭಿಪ್ರಾಯ ಏನು ಅಂತ ನೋಡುವುದಿಲ್ಲ. ಕೊಡದಿದ್ದರೆ ರೋಸ್‌ನ ವಾರ್ನ್, ಅಂದರೆ ಎಚ್ಚರಿಕೆ, ಮೂರಾದರೆ ಒಂದು ವಾರ ಮ್ಯೂಟ್. ವಾರ್ನ್ ಕೊಡುವಾಗ ಕಾರಣ ಬರೆಯಲು ಜಾಗ ಇದೆ, ಅದನ್ನು ಖಾಲಿ ಬಿಡಬೇಡಿ. ಎಲ್ಲವೂ ಲಾಗ್ ಚಾನೆಲ್‌ಗೆ ಹೋಗುವಂತೆ ಮಾಡಿದರೆ ಯಾವ ಅಡ್ಮಿನ್ ಯಾರಿಗೆ ಯಾಕೆ ಏನು ಮಾಡಿದರು ಅಂತ ಉಳಿದ ಅಡ್ಮಿನ್‌ಗಳಿಗೆ ಕಾಣುತ್ತದೆ. ನಮ್ಮಲ್ಲಿ ಈ ಲಾಗ್ ಟ್ರೋಲ್‌ಗಳಿಗಿಂತ ಜಾಸ್ತಿ ಅಡ್ಮಿನ್‌ಗಳನ್ನೇ ಸರಿಯಾಗಿ ಇಟ್ಟಿದೆ. ಸದಸ್ಯರು ದೂರು ಕೊಡುವುದೂ ಸುಲಭ, ಆ ಮೆಸೇಜಿಗೆ ರಿಪ್ಲೈ ಮಾಡಿ @admin ಅಂತ ಟೈಪ್ ಮಾಡಿದರೆ ನಮಗೆಲ್ಲ ತಿಳಿಯುತ್ತದೆ.

ಅಂದ ಹಾಗೆ, ಅಡ್ಮಿನ್ ಆದರೆ ಕೇಸ್ ಬೀಳುತ್ತದೆ ಅಂತ ಹೆದರಿ ಕೆಲವರು ಸಿಕ್ಕಿದ್ದೆಲ್ಲ ಅಳಿಸುತ್ತಾರೆ. ಸದಸ್ಯರು ಹಾಕಿದ ಪೋಸ್ಟಿಗೆ ವಾಟ್ಸಾಪ್ ಗುಂಪಿನ ಅಡ್ಮಿನ್ ಸುಮ್ನೆ ಅಡ್ಮಿನ್ ಅನ್ನುವ ಕಾರಣಕ್ಕೇ ಹೊಣೆಯಾಗುವುದಿಲ್ಲ ಅಂತ ಬಾಂಬೆ ಹೈಕೋರ್ಟ್ 2021ರಲ್ಲಿ, ಕೇರಳ ಹೈಕೋರ್ಟ್ 2022ರಲ್ಲಿ ಹೇಳಿವೆ. ಹೆದರಿಕೆಯಿಂದ ಗುಂಪು ನಡೆಸಬೇಡಿ.

ಇನ್ನು ಬಾಟ್ ಕೈ ಎಟುಕದ ಜಾಗ. ಗುಂಪು ಎಷ್ಟೇ ಸ್ವಚ್ಛ ಕಂಡರೂ, ಸದ್ದಿಲ್ಲದೆ ಸೇರಿ, ಒಂದು ಮೆಸೇಜನ್ನೂ ಹಾಕದೆ, ಸದಸ್ಯರ ಪಟ್ಟಿ ನೋಡಿಕೊಂಡು ಒಬ್ಬೊಬ್ಬರಿಗೆ ಖಾಸಗಿಯಾಗಿ ಬರೆಯುವವನನ್ನು ರೋಸ್ ಕಾಣುವುದೇ ಇಲ್ಲ. ಯಾವ ಬಾಟೂ ಕಾಣುವುದಿಲ್ಲ. ನಮ್ಮ ಅಡ್ಮಿನ್ ಒಬ್ಬರ ಫೋಟೋ, ಹೆಸರು ಹಾಗೇ ಇಟ್ಟುಕೊಂಡ ಒಬ್ಬ ಮೋಸಗಾರನಿಂದ, ಇಂಟರ್‌ಸೆ ಮಂಗಳ ಅಡಿಕೆ ತಳಿಯ ಸಸಿ ಬಂದಿದೆ, ಗುಂಪಿನವರಿಗೆ ಮಾತ್ರ, ಮುಂಗಡ ಹಾಕಿದರೆ ಹೆಸರು ಬರೆದಿಡುತ್ತೇನೆ ಅಂತ ಕೆಲವರಿಗೆ ಮೆಸೇಜ್ ಹೋಗಿತ್ತು. ಆ ಸಸಿ ಸುಲಭಕ್ಕೆ ಸಿಗುವುದಿಲ್ಲ ಅನ್ನುವುದು ಅವನಿಗೆ ಗೊತ್ತಿತ್ತು, ಅಂದರೆ ಕೂತು ನಮ್ಮ ಮಾತೆಲ್ಲ ಓದಿದ್ದಾನೆ.

ಇದಕ್ಕೆ ಟೆಲಿಗ್ರಾಂನಲ್ಲೇ ಒಂದು ಸೆಟ್ಟಿಂಗ್ ಇದೆ, ಹೈಡ್ ಮೆಂಬರ್ಸ್. 2022ರ ಕೊನೆಯಲ್ಲಿ ಬಂತು, ನೂರು ಜನಕ್ಕಿಂತ ದೊಡ್ಡ ಗುಂಪುಗಳಿಗೆ. ಆನ್ ಮಾಡಿದರೆ ಪಟ್ಟಿ ಅಡ್ಮಿನ್‌ಗಳಿಗೆ ಮಾತ್ರ ಕಾಣುತ್ತದೆ. ಮಾತಾಡಿದವರ ಹೆಸರು ಹೇಗೂ ಕಾಣುತ್ತದೆ, ಸುಮ್ಮನೆ ಓದುವ ಬಹುಪಾಲು ಜನ ಮಾತ್ರ ಮರೆಯಲ್ಲಿ ಉಳಿಯುತ್ತಾರೆ. ಮೊದಲು ಮೋಸ ಹೋಗುವವರು ಅವರೇ. ರೋಸ್‌ನ ಎಲ್ಲ ಲಾಕ್ ಒಂದು ಕಡೆ, ಇದೊಂದು ಗುಂಡಿ ಒಂದು ಕಡೆ ಇಟ್ಟು ಒಂದನ್ನೇ ಆರಿಸು ಅಂದರೆ ನಾನು ಗುಂಡಿಯನ್ನೇ ಆರಿಸುತ್ತೇನೆ. ಜೊತೆಗೆ ಸ್ವಾಗತದ ಮೆಸೇಜಿನಲ್ಲಿ ಮೂರು ಸಾಲು ಹಾಕಿದ್ದೇವೆ. ನಿಮ್ಮ ಫೋನ್ ನಂಬರ್ ಯಾರಿಗೂ ಕಾಣದಂತೆ ಪ್ರೈವಸಿಯಲ್ಲಿ ಬದಲಿಸಿ. ಅಡ್ಮಿನ್‌ಗಳು ಖಾಸಗಿಯಾಗಿ ದುಡ್ಡು ಕೇಳುವುದಿಲ್ಲ. ದುಡ್ಡು ಹೋಗಿದ್ದರೆ ನಮಗೆ ಹೇಳುವ ಮೊದಲು 1930ಕ್ಕೆ ಫೋನ್ ಮಾಡಿ, ಬೇಗ ಮಾಡಿದಷ್ಟೂ ಖಾತೆ ತಡೆಹಿಡಿಯುವ ಸಾಧ್ಯತೆ ಜಾಸ್ತಿ.

ಇನ್ನೂರು ಜನ ದಾಟಿದ ಗುಂಪುಗಳಿಗೆ ಟೆಲಿಗ್ರಾಂನದ್ದೇ ಅಗ್ರೆಸಿವ್ ಆ್ಯಂಟಿ ಸ್ಪ್ಯಾಮ್ ಕೂಡ ಇದೆ. ರೋಸ್ ಜೊತೆಗೇ ಓಡುತ್ತದೆ, ಜಗಳ ಇಲ್ಲ. ಏನೇನು ಅಳಿಸಿತು ಅಂತ ರೀಸೆಂಟ್ ಆ್ಯಕ್ಷನ್ಸ್‌ನಲ್ಲಿ 48 ಗಂಟೆ ಕಾಣುತ್ತದೆ, ಅಳಿಸಬಾರದ್ದನ್ನು ಅಳಿಸಿದ್ದರೆ ಅಲ್ಲೇ ತಿಳಿಸಬಹುದು. ದಿನಕ್ಕೊಮ್ಮೆ ಅಲ್ಲಿ ಕಣ್ಣಾಡಿಸುವ ಒಬ್ಬ ಅಡ್ಮಿನ್ ಇರಲೇಬೇಕು.

ಈಚೆಗೆ ಹೊಸದೊಂದು ಶುರುವಾಗಿದೆ. ಸೇರಿದವನು ಗುಂಪಿನಲ್ಲಿ ಬರೀ ನಮಸ್ಕಾರ ಅನ್ನುತ್ತಾನೆ, ಲಿಂಕ್ ಎಲ್ಲ ಅವನ ಬಯೋದಲ್ಲಿ (ಪ್ರೊಫೈಲಿನ ಪರಿಚಯದ ಸಾಲಿನಲ್ಲಿ), ಫೋಟೋದಲ್ಲಿ ಇರುತ್ತದೆ. ಮೆಸೇಜಿನಲ್ಲಿ ತಪ್ಪೇನೂ ಇಲ್ಲ, ಹಾಗಾಗಿ ಲಾಕ್‌ಗೆ ಸಿಗುವುದಿಲ್ಲ. ಬಾಗಿಲಲ್ಲಿ ಜಾಸ್ತಿ ಪ್ರಶ್ನೆ ಕೇಳುವುದಿಲ್ಲ ಅಂದೆನಲ್ಲ, ಇದೊಂದಕ್ಕಾಗಿ ಮಾತ್ರ ಈಗ ನಾವು ಜಾಯಿನ್ ರಿಕ್ವೆಸ್ಟ್ ಇರುವ ಆಹ್ವಾನದ ಲಿಂಕ್ ಬಳಸಲು ಶುರು ಮಾಡಿದ್ದೇವೆ. ಒಳಗೆ ಬಿಡುವ ಮೊದಲು ಬಯೋ, ಫೋಟೋ ನೋಡುತ್ತೇವೆ. ಕೊಯ್ಲಿನ ಸಮಯದಲ್ಲಿ ರಿಕ್ವೆಸ್ಟ್‌ಗಳು ಎರಡು ಮೂರು ದಿನ ಹಾಗೇ ಬಿದ್ದಿರುತ್ತವೆ, ಏನು ಮಾಡುವುದು, ಅಡ್ಮಿನ್‌ಗಳೂ ಅಡಿಕೆ ಸುಲಿಯಬೇಕಲ್ಲ.

ಐವತ್ತು ಜನರ, ಎಲ್ಲರೂ ಮುಖ ನೋಡಿದ ಗುಂಪಾದರೆ ರೋಸ್ ಬೇಡ, ಲಿಂಕ್ ಹೊರಗೆ ಹಂಚದಿದ್ದರೆ ಸಾಕು. ಅದಕ್ಕಿಂತ ದೊಡ್ಡದಾದರೆ ಹಾಕಿ. ಹಾಕಿದ ದಿನವೇ ಹಳಬರನ್ನೆಲ್ಲ ಅಪ್ರೂವ್ ಮಾಡಿ, ಆಮೇಲೆ ಲಾಕ್ ಮಾಡಿ. ಈ ಕ್ರಮ ತಿರುಗಿಸಿದರೆ ಮರುದಿನ ಬೆಳಿಗ್ಗೆ ಧಾರಣೆ ಹಾಕುವವರ ಮೆಸೇಜೇ ಮೊದಲು ಅಳಿಸಿಹೋಗುತ್ತದೆ.