ಹಿಂದಿನ ಸೀಟಿನಿಂದ ನೋಡಿದರೆ: ಹಂಟರ್, ವಿಕ್ಟರ್, ಆಸ್ಟಿನ್ 1800

1968ರ ನವೆಂಬರ್ 24ರಂದು ಲಂಡನ್ನಿನ ಕ್ರಿಸ್ಟಲ್ ಪ್ಯಾಲೆಸ್‌ನಿಂದ 98 ಕಾರುಗಳು ಸಿಡ್ನಿಯತ್ತ ಹೊರಟವು. ಯುರೋಪನ್ನು ಹಾದು ತುರ್ಕಿ, ಇರಾನ್, ಕಾಬೂಲ್, ದೆಹಲಿಯ ದಾರಿಯಲ್ಲಿ ಬೊಂಬಾಯಿ ಸೇರಿ, ಅಲ್ಲಿಂದ ಹಡಗೇರಿ ಆಸ್ಟ್ರೇಲಿಯಾದ ಫ್ರೀಮ್ಯಾಂಟಲ್‌ನಲ್ಲಿ ಇಳಿದು, ಮತ್ತೆ ಇಡೀ ಖಂಡವನ್ನು ಅಡ್ಡಹಾಯಬೇಕಿದ್ದ ಓಟ ಅದು. ಗೆದ್ದದ್ದು ಆಂಡ್ರ್ಯೂ ಕೋವನ್ ಮತ್ತು ಸಂಗಡಿಗರ ಹಿಲ್ಮನ್ ಹಂಟರ್. ಎರಡನೆಯದಾಗಿ ಬಂದದ್ದು ಪ್ಯಾಡಿ ಹಾಪ್‌ಕರ್ಕ್ ತಂಡದ ಆಸ್ಟಿನ್ 1800. ಈ ಎರಡೂ ಕಾರುಗಳು, ಮಕ್ಕಳನ್ನು ಶಾಲೆಗೆ ಬಿಟ್ಟು, ವಾರಕ್ಕೊಮ್ಮೆ ದಿನಸಿ ತಂದು, ಬೇಸಿಗೆಯಲ್ಲಿ ಸಮುದ್ರ ನೋಡಲು ಹೋಗುವ ಸಂಸಾರಸ್ಥರಿಗಾಗಿ ಮಾಡಿದ ಸಲೂನುಗಳು, ಅಂದರೆ ನಮ್ಮಲ್ಲಿ ಸೆಡಾನ್ ಎನ್ನುವ ಬಗೆಯವು.

ಇಂದು ಇಂಗ್ಲೆಂಡಿನ ಯಾವುದೇ ಹಳೆಯ ಕಾರುಗಳ ಮೇಳಕ್ಕೆ ಹೋಗಿ ನೋಡಿ. ಮಿನಿ, ಎಂಜಿ, ಜಾಗ್ವಾರ್‌ಗಳ ಸುತ್ತ ಜನ ಮುತ್ತಿರುತ್ತಾರೆ. ಮನೆಬಳಕೆಯ ಕಾರುಗಳಲ್ಲಿ ಫೋರ್ಡ್ ಕಾರ್ಟಿನಾ ಒಂದಕ್ಕೆ ಮಾತ್ರ ಮರ್ಯಾದೆ ಉಳಿದಿದೆ. ಹಂಟರ್, ಆಸ್ಟಿನ್ 1800, ವಾಕ್ಸ್‌ಹಾಲ್ ವಿಕ್ಟರ್‌ಗಳು ಮೈದಾನದ ಮೂಲೆಯಲ್ಲಿ ನಿಂತಿರುತ್ತವೆ, ಅದೂ ಬಂದಿದ್ದರೆ. ನನಗೆ ಇದು ನಿಜವಾಗಿಯೂ ನೋವಿನ ವಿಷಯ. ಹಾಸನದಿಂದ ಬಂದು ಕೋವೆಂಟ್ರಿಯಲ್ಲಿ ನೆಲೆಸಿದ ಮೇಲೆ ಈ ಮೂರನ್ನೂ ಒಂದೊಂದಾಗಿ ಮನೆಗೆ ತಂದು ಓಡಿಸಿದ್ದೇನೆ. 1970ರ ಹಂಟರ್ ನಾಲ್ಕು ವರ್ಷ ನನ್ನದಾಗಿತ್ತು. 1973ರ ವಿಕ್ಟರನ್ನು ಗೆಳೆಯನೊಬ್ಬನ ಜೊತೆ ಅರ್ಧರ್ಧ ಪಾಲಿನಲ್ಲಿ ಕೊಂಡಿದ್ದೆ. 1969ರ ಆಸ್ಟಿನ್ 1800 ಮಾರ್ಕ್ 2 ಈಗಲೂ ಮನೆಯ ಮುಂದಿದೆ.

ಮೂರಕ್ಕೂ ಒಂದೇ ದಾರಿಯ ಪರೀಕ್ಷೆ. ಕೋವೆಂಟ್ರಿಯಿಂದ ಹೊರಬಿದ್ದು, ರೋಮನ್ನರು ಹಾಕಿದ ನೇರ ರಸ್ತೆ ಫಾಸ್ ವೇ ಹಿಡಿದು ದಕ್ಷಿಣಕ್ಕೆ ಇಳಿಯುವುದು. ಬ್ಯಾನ್‌ಬರಿ ರಸ್ತೆಯ ಸನ್ ರೈಸಿಂಗ್ ಹಿಲ್ ಎಂಬ ಕಡಿದಾದ ಏರನ್ನು ಹತ್ತುವುದು. ಎಡ್ಜ್ ಹಿಲ್ ಮೇಲೆ ಬುತ್ತಿ ಬಿಚ್ಚಿ ಉಂಡು, ಗೇಡನ್ ಬಳಿ ಎಂ40 ಹೆದ್ದಾರಿ ಸೇರಿ ವಾರಿಕ್ ಕಡೆಯಿಂದ ಮನೆಗೆ ಮರಳುವುದು. ಮುಂದೆ ನಾನು, ಹೆಂಡತಿ. ಹಿಂದೆ ಇಬ್ಬರು ಮಕ್ಕಳ ನಡುವೆ ಅಥವಾ ಪಕ್ಕದಲ್ಲಿ, ಬೇಸಿಗೆಗೆಂದು ಹಾಸನದಿಂದ ಬರುವ ಅಮ್ಮ. ಅವರಿಗೆ ಎಪ್ಪತ್ತು ದಾಟಿದೆ, ಮಂಡಿನೋವಿದೆ. ಸಂಸಾರದ ಕಾರನ್ನು ಚಾಲಕನ ಸೀಟಿನಿಂದ ಮಾತ್ರ ಅಳೆಯುವ ವಿಮರ್ಶೆಗಳನ್ನು ನಾನು ಓದುವುದನ್ನೇ ಬಿಟ್ಟಿದ್ದೇನೆ.

ಹಂಟರ್‌ನಿಂದ ಆರಂಭಿಸುತ್ತೇನೆ. ಕೀಲಿ ತಿರುಗಿಸಿದ ಐದನೆಯ ನಿಮಿಷಕ್ಕೆ ನಿಮ್ಮದಾಗಿಬಿಡುವ ಕಾರು ಅದು. ಕ್ಲಚ್ ಹಗುರ, ಗೇರುಗಳು ಬೆರಳ ತುದಿಗೆ ಸಿಗುತ್ತವೆ, ನಾಲ್ಕೂ ಮೂಲೆಗಳು ಕೂತಲ್ಲಿಂದಲೇ ಕಾಣುತ್ತವೆ. 1966ರಲ್ಲಿ ರೂಟ್ಸ್ ಕಂಪನಿ ಇದನ್ನು ತಂದಾಗ ಹೊಸದನ್ನು ಸಾಧಿಸುವ ಹಟ ತೊಟ್ಟಿರಲಿಲ್ಲ. ಮುಂದೆ ಎಂಜಿನ್, ಹಿಂದಿನ ಚಕ್ರಗಳಿಗೆ ಶಕ್ತಿ, ಹಿಂಬದಿಗೆ ಪಟ್ಟೆಯ ಸ್ಪ್ರಿಂಗುಗಳು. 1725 ಸಿಸಿ ಎಂಜಿನ್ನನ್ನು ಒಂದು ಕಡೆಗೆ ವಾಲಿಸಿ ಕೂರಿಸಿ ಬಾನೆಟ್ಟನ್ನು ತಗ್ಗಿಸಿದ್ದಾರೆ. ಹಾಗಾಗಿ ಬಾನೆಟ್ ಎತ್ತಿದರೆ ಒಂದು ಮಗ್ಗುಲಲ್ಲಿ ಕೈ ಆಡಿಸಲು ಧಾರಾಳ ಜಾಗ ಸಿಗುತ್ತದೆ. ಕಾರ್ಬ್ಯುರೇಟರ್ ಶುಚಿಗೊಳಿಸುವುದನ್ನು ನಾನು ಕಲಿತದ್ದು ಇದರ ಮೇಲೆಯೇ. ನನ್ನ ಹಂಟರ್‌ಗೆ ಓವರ್‌ಡ್ರೈವ್ ಇತ್ತು, ಅಂದರೆ ಅದೇ ವೇಗದಲ್ಲಿ ಎಂಜಿನ್ನಿನ ಸುತ್ತು ತಗ್ಗಿಸುವ ಹೆಚ್ಚುವರಿ ಗೇರು. ಎಂ40ರಲ್ಲಿ ಗಂಟೆಗೆ 70 ಮೈಲಿಯಲ್ಲಿ ಅದನ್ನು ಹಾಕಿದಾಗ ಎಂಜಿನ್ ಒಮ್ಮೆ ನಿಟ್ಟುಸಿರು ಬಿಟ್ಟಂತೆ ತಣ್ಣಗಾಗುವ ಆ ಕ್ಷಣ ನನಗೆ ಇಂದಿಗೂ ಪ್ರಿಯ.

ಇದೇ ಕಾರು 1967ರಿಂದ ಇರಾನಿನಲ್ಲಿ ಪೇಕಾನ್ ಎಂಬ ಹೆಸರಿನಲ್ಲಿ ತಯಾರಾಗತೊಡಗಿತು. ಇಂಗ್ಲೆಂಡಿನಲ್ಲಿ 1979ಕ್ಕೆ ನಿಂತುಹೋದದ್ದು ಅಲ್ಲಿ ಸಲೂನಾಗಿಯೇ 2005ರವರೆಗೆ ಬಾಳಿತು. ನಮಗೆ ಅಂಬಾಸಿಡರ್ ಇದ್ದಂತೆ ಅವರಿಗೆ ಅದು. ಒಮ್ಮೆ ಪೆಟ್ರೋಲ್ ಬಂಕಿನಲ್ಲಿ ಇರಾನಿನ ಹಿರಿಯರೊಬ್ಬರು ನನ್ನ ಹಂಟರ್ ಬಳಿ ಬಂದು, ಏನನ್ನೂ ಕೇಳದೆ ಬಾಗಿಲ ಹಿಡಿಯ ಮೇಲೆ ಕೈಯಿಟ್ಟು ನಿಂತರು. ತಮ್ಮ ತಂದೆ ಟೆಹರಾನಿನಲ್ಲಿ ಓಡಿಸುತ್ತಿದ್ದ ಟ್ಯಾಕ್ಸಿಯ ಬಣ್ಣವನ್ನು ಆಮೇಲೆ ಹೇಳಿದರು. ಅಂಥ ಭೇಟಿಯನ್ನು ಮೇಳದ ಮೈದಾನದಲ್ಲಿ ನಿಂತ ಯಾವ ಜಾಗ್ವಾರ್ ಕೊಟ್ಟೀತು?

ಆದರೆ ಫಾಸ್ ವೇಯ ತೇಪೆ ಹಾಕಿದ ಡಾಂಬರಿನ ಮೇಲೆ ಹಂಟರ್‌ನ ಹಿಂಬದಿ ಸಣ್ಣಗೆ ಜಿಗಿಯುತ್ತದೆ. ಮುಂದೆ ಕೂತವರಿಗೆ ಅದು ಅಷ್ಟಾಗಿ ತಾಗುವುದಿಲ್ಲ. ಅಮ್ಮನಿಗೆ ತಾಗಿತು. ಮುಂದಿನ, ಹಿಂದಿನ ಗಾಲಿಗಳ ನಡುವಿನ ಅಂತರ ಸುಮಾರು 2.5 ಮೀಟರ್ ಅಷ್ಟೇ ಇರುವುದರಿಂದ ಮುಂದಿನ ಸೀಟಿನ ಬೆನ್ನು ಅವರ ಮಂಡಿಗೆ ಒತ್ತುತ್ತಿತ್ತು. ಹಿಂದಿನ ಚಕ್ರಗಳಿಗೆ ಶಕ್ತಿ ಒಯ್ಯಲು ನಡುವೆ ಹಾದುಹೋಗುವ ಶಾಫ್ಟಿನ ದಿಬ್ಬದಿಂದ ಚಿಕ್ಕವಳಿಗೆ ಕಾಲಿಡಲು ಜಾಗವಿಲ್ಲ. ಎಡ್ಜ್ ಹಿಲ್ ಮೇಲೆ ಇಳಿಯುವಾಗ ಅಮ್ಮ ಬಾಗಿಲ ಚೌಕಟ್ಟು ಹಿಡಿದು ಒಂದು ನಿಮಿಷ ನಿಂತರು. ದೂರು ಹೇಳುವ ಸ್ವಭಾವ ಅವರದಲ್ಲ, ಆದರೂ ನನಗೆ ತಿಳಿಯಿತು.

ವಿಕ್ಟರ್‌ನಲ್ಲಿ ಆ ಇಕ್ಕಟ್ಟಿಲ್ಲ. ಅದು ಉದ್ದವಾದ, ನೀಳವಾದ, ಮೂರರಲ್ಲಿ ನಿಸ್ಸಂದೇಹವಾಗಿ ಚೆಲುವಾದ ಕಾರು. 1972ರಲ್ಲಿ ಬಂದ ಈ ಕೊನೆಯ ವಿಕ್ಟರನ್ನು ಕನ್ನಡಿಗರಿಗೆ ಪರಿಚಯಿಸಬೇಕಿಲ್ಲ. 1984ರಿಂದ ನಮ್ಮ ರಸ್ತೆಗಳಲ್ಲಿ ಓಡಾಡಿದ ಕಾಂಟೆಸ್ಸಾ ಇದರದೇ ದೇಹ. ಬೆಂಗಳೂರಿನಲ್ಲಿ ಮಂತ್ರಿಗಳ ಮನೆ ಮುಂದೆ, ಮಲೆನಾಡಿನಲ್ಲಿ ದೊಡ್ಡ ತೋಟದವರ ಅಂಗಳದಲ್ಲಿ ಕಂಡ ಆ ಅಗಲ ಹೆಗಲು, ಆ ನೇರ ಸೊಂಟ ಇಲ್ಲಿ ಲೂಟನ್ ಪಟ್ಟಣದಲ್ಲಿ ಹುಟ್ಟಿದ್ದು. ಕಾಂಟೆಸ್ಸಾಕ್ಕೆ ಮೊದಲು ಸಿಕ್ಕ ಎಂಜಿನ್ ಅಂಬಾಸಿಡರಿನ 1.5 ಲೀಟರಿನದು, ಆ ಮೈಗೆ ಅದು ಸಾಲುತ್ತಿರಲಿಲ್ಲ. ಇಲ್ಲಿನ ವಿಕ್ಟರ್‌ಗೆ ಇದ್ದದ್ದು 45 ಡಿಗ್ರಿ ವಾಲಿದ, ಕವಾಟಗಳನ್ನು ತೆರೆಯುವ ಕ್ಯಾಮ್‌ಶಾಫ್ಟನ್ನು ತಲೆಯ ಮೇಲೆ ಹೊತ್ತ, ಅದನ್ನು ಹಲ್ಲುಪಟ್ಟಿಯಿಂದ ತಿರುಗಿಸುವ ಎಂಜಿನ್. 1967ರಲ್ಲಿ ಹಿಂದಿನ ಮಾದರಿಯ ವಿಕ್ಟರ್‌ಗೆ ಆ ಏರ್ಪಾಡು ಬಂದಾಗ ಬ್ರಿಟನ್ನಿನಲ್ಲಿ ಅದು ಹೊಸತು. ನಮ್ಮದು 1759 ಸಿಸಿಯದು. ಕೆಳಗಿನ ವೇಗದಲ್ಲಿ ದೃಢವಾಗಿ ಎಳೆಯುತ್ತದೆ, ಓಡಿಸುತ್ತಾ ಹೋದಂತೆ ದನಿ ಒರಟಾಗುತ್ತದೆ. ಸನ್ ರೈಸಿಂಗ್ ಹಿಲ್ ಅನ್ನು ಐವರನ್ನೂ ಹೊತ್ತು ಹತ್ತಿದಾಗ ಮೂರರಲ್ಲಿ ಅತಿ ಕಡಿಮೆ ದಣಿದದ್ದು ಇದು.

ಡಿಕ್ಕಿಯಲ್ಲಿ ಬುತ್ತಿಯ ಬುಟ್ಟಿ, ಮಡಚುವ ಕುರ್ಚಿಗಳು, ಮಕ್ಕಳ ಸೈಕಲ್ಲು ಎಲ್ಲ ಹಿಡಿಸುತ್ತದೆ. ಅಮ್ಮ ಆರಾಮವಾಗಿ ಕೂತು ನಿದ್ದೆ ಹೋದರು. ಹಾಗಾದರೆ ಇದೇ ಗೆಲ್ಲಬೇಕಿತ್ತಲ್ಲ? ತುಕ್ಕು ಬಿಡಲಿಲ್ಲ. ಚಳಿಗಾಲದಲ್ಲಿ ಇಲ್ಲಿನ ರಸ್ತೆಗೆ ಉಪ್ಪು ಸುರಿಯುತ್ತಾರೆ. ಐವತ್ತು ಚಳಿಗಾಲ ಕಂಡ ತಗಡಿನ ಪಾಡನ್ನು ಯಾರಾದರೂ ಊಹಿಸಬಹುದು. ಬಾಗಿಲ ಕೆಳಗಿನ ಹಲಗೆಯನ್ನು ಕತ್ತರಿಸಿ ಹೊಸದು ಬೆಸೆಯಲೆಂದು ಒಂದು ವರ್ಕ್‌ಶಾಪಿಗೆ ಕೊಟ್ಟೆವು. ಅವರು ಕೊಳೆತ ತಗಡಿನ ಮೇಲೆಯೇ ಹೊಸ ತಗಡು ಹೊದಿಸಿ ಬಣ್ಣ ಬಳಿದು ಕೊಟ್ಟರು. ಮುಂದಿನ ಮಳೆಗಾಲಕ್ಕೆ ಒಳಗಿನ ಕಾರ್ಪೆಟ್ ಒದ್ದೆ. ಮತ್ತೆ ಬಿಚ್ಚಿ ನೋಡಿದರೆ ಹಾನಿ ಎರಡರಷ್ಟಾಗಿತ್ತು. ವಿಕ್ಟರ್‌ಗೆ ಹೊಸ ಬಾಡಿ ಭಾಗಗಳು ಸಿಗುವುದು ಬಹಳ ಕಷ್ಟ. ಸತ್ತ ಇನ್ನೊಂದು ವಿಕ್ಟರನ್ನು ಹುಡುಕಿ ಅದರಿಂದ ಕತ್ತರಿಸಿ ತರಬೇಕು, ಸತ್ತವೂ ಮುಗಿಯುತ್ತ ಬಂದಿವೆ. ಅರ್ಧ ಪಾಲನ್ನು ಗೆಳೆಯನಿಗೇ ಬಿಟ್ಟುಕೊಟ್ಟ ದಿನ ನನಗೆ ಊಟ ರುಚಿಸಲಿಲ್ಲ. ಊರಿನಲ್ಲಿ ಯಾರ ಬಳಿಯಾದರೂ ಒಳ್ಳೆಯ ಕಾಂಟೆಸ್ಸಾ ಇದ್ದರೆ ದಯವಿಟ್ಟು ಗುಜರಿಗೆ ಹಾಕಬೇಡಿ.

ಇನ್ನು ಆಸ್ಟಿನ್ 1800. ಇದರ ಬಗ್ಗೆ ಬರೆಯಲೆಂದೇ ಮೇಲಿನದೆಲ್ಲ ಬರೆದೆನೇನೋ.

ನೋಡಲು ಅಗಲ, ಕುಳ್ಳು. ಇಲ್ಲಿನವರು ಇದನ್ನು ನೆಲದ ಏಡಿ ಎಂದು ಕರೆಯುತ್ತಾರೆ. ನಾನು ಆ ಹೆಸರನ್ನು ಬಳಸುವುದಿಲ್ಲ. 1959ರಲ್ಲಿ ಮಿನಿ, 1962ರಲ್ಲಿ 1100 ಎಂಬ ಕಾರು ಮಾಡಿದ ಅಲೆಕ್ ಇಸಿಗೋನಿಸ್ ಅದೇ ಯೋಚನೆಯನ್ನು ದೊಡ್ಡ ಸಂಸಾರಕ್ಕೆ ಹಿಗ್ಗಿಸಿ 1964ರಲ್ಲಿ ಕೊಟ್ಟ ಕಾರು ಇದು. ಮರುವರ್ಷ ಯುರೋಪಿನ ವರ್ಷದ ಕಾರು ಎಂಬ ಗೌರವ ಪಡೆಯಿತು. ಎಂಜಿನ್ನನ್ನು ಅಡ್ಡ ಮಲಗಿಸಿ, ಗೇರ್ ಪೆಟ್ಟಿಗೆಯನ್ನು ಅದರ ಅಡಿಯ ಎಣ್ಣೆ ತೊಟ್ಟಿಯೊಳಗೇ ಇಟ್ಟು, ಮುಂದಿನ ಚಕ್ರಗಳನ್ನು ತಿರುಗಿಸಿದ್ದಾರೆ. ಇದರಿಂದ ಆದ ಲಾಭವನ್ನು ಟೇಪು ಹಿಡಿದು ಅಳೆದರೆ ನಂಬಲಾಗದು. ಹಂಟರ್ ಸುಮಾರು 4.27 ಮೀಟರ್ ಉದ್ದ, ಆಸ್ಟಿನ್ 4.17. ಆದರೆ ಗಾಲಿಗಳ ನಡುವಿನ ಅಂತರ ಆಸ್ಟಿನ್‌ನಲ್ಲಿ ಸುಮಾರು 2.69 ಮೀಟರ್, ಹಂಟರ್‌ಗಿಂತ 19 ಸೆಂಟಿಮೀಟರ್ ಹೆಚ್ಚು. ನಾಲ್ಕೂವರೆ ಮೀಟರ್ ಉದ್ದದ ವಿಕ್ಟರ್‌ಗಿಂತಲೂ ತುಸು ಹೆಚ್ಚು! ಹೊರಗೆ ಎಲ್ಲಕ್ಕಿಂತ ಗಿಡ್ಡ, ಒಳಗೆ ಎಲ್ಲಕ್ಕಿಂತ ದೊಡ್ಡ ಕಾರು. ಹಿಂದಿನ ನೆಲದಲ್ಲಿ ಶಾಫ್ಟಿನ ದಿಬ್ಬವಿಲ್ಲ. ಅಮ್ಮ ಕಾಲು ಚಾಚಿದರು, ಪೂರ್ತಿ ಚಾಚಿದರು. ಮಗಳು ಅವರ ಕಾಲ ಬಳಿ ನೆಲದ ಮೇಲೆ ಬಣ್ಣದ ಪೆನ್ಸಿಲ್ಲುಗಳನ್ನು ಸಾಲಾಗಿ ಜೋಡಿಸಿದಳು.

ಮೊದಲ ಬಾರಿ ಎಂಜಿನ್ ಚಾಲೂ ಮಾಡಿ ಚೋಕ್ ಒಳತಳ್ಳಿದಾಗ ಅಮ್ಮ ಕಿವಿಗೊಟ್ಟು ಕೇಳಿ, "ಇದು ನಿಮ್ಮಪ್ಪನ ಗಾಡಿಯ ಸದ್ದು" ಎಂದರು. ಅಪ್ಪನ ಬಳಿ ಇದ್ದದ್ದು ಅಂಬಾಸಿಡರ್. ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ, ಆದರೆ ಮಾತು ಅಕ್ಷರಶಃ ಸರಿ. ಅಂಬಾಸಿಡರಿನ 1489 ಸಿಸಿ ಎಂಜಿನ್ನೂ ಆಸ್ಟಿನ್ನಿನ 1798 ಸಿಸಿ ಎಂಜಿನ್ನೂ ಬಿ ಸರಣಿ ಎಂಬ ಒಂದೇ ವಂಶದವು. ಅದರಲ್ಲಿ ಎಂಜಿನ್ನಿನ ಮುಖ್ಯ ತಿರುಗುಕೋಲಾದ ಕ್ರ್ಯಾಂಕ್‌ಶಾಫ್ಟಿಗೆ ಮೂರು ಬೇರಿಂಗುಗಳ ಆಸರೆ, ಇದರಲ್ಲಿ ಐದರದು. ಅದಕ್ಕೇ ಇದು ಹೆಚ್ಚು ನಯವಾಗಿ ತಿರುಗುತ್ತದೆ. ಸಿಡ್ನಿ ಓಟಕ್ಕೆ ಬಂದಿದ್ದ ಆಸ್ಟಿನ್ 1800ಗಳು ಬೊಂಬಾಯಿಯ ದಾರಿಯಲ್ಲಿ ಎಷ್ಟು ಅಂಬಾಸಿಡರುಗಳನ್ನು ದಾಟಿ ಹೋಗಿದ್ದಿರಬೇಕು, ಅಣ್ಣತಮ್ಮಂದಿರ ಹಾಗೆ.

ಫಾಸ್ ವೇಯಲ್ಲಿ ಆಸ್ಟಿನ್ ತನ್ನ ನಿಜವಾದ ವಿದ್ಯೆ ತೋರಿಸಿತು. ಇದಕ್ಕೆ ಉಕ್ಕಿನ ಸ್ಪ್ರಿಂಗುಗಳ ಬದಲು ಹೈಡ್ರೊಲಾಸ್ಟಿಕ್ ಎಂಬ ಏರ್ಪಾಡಿದೆ. ಪ್ರತಿ ಚಕ್ರಕ್ಕೂ ರಬ್ಬರಿನ ಗಟ್ಟಿ ಸ್ಪ್ರಿಂಗಿರುವ ಒಂದು ಡಬ್ಬಿ, ಒಳಗೆ ನೀರು ಮತ್ತು ಆಲ್ಕೊಹಾಲ್ ಬೆರೆಸಿದ ದ್ರವ. ಒಂದೇ ಮಗ್ಗುಲಿನ ಮುಂದಿನ, ಹಿಂದಿನ ಡಬ್ಬಿಗಳನ್ನು ಕೊಳವೆಯೊಂದು ಜೋಡಿಸುತ್ತದೆ. ಮುಂದಿನ ಚಕ್ರ ಉಬ್ಬನ್ನು ಏರಿದಾಗ ದ್ರವ ಹಿಂದಕ್ಕೆ ನುಗ್ಗಿ ಹಿಂಬದಿಯನ್ನೂ ಎತ್ತುತ್ತದೆ. ಕಾರು ತಲೆದೂಗುವುದಿಲ್ಲ, ಇಡಿಯಾಗಿ ಏರಿ ಇಡಿಯಾಗಿ ಇಳಿಯುತ್ತದೆ. ಹಂಟರ್ ಜಿಗಿದ ತೇಪೆಗಳ ಮೇಲೆಯೇ ಇದು ದೋಣಿಯ ಹಾಗೆ ಸಾಗಿತು. ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿಕೊಂಡು ಕುಡಿಯುತ್ತಿದ್ದ ಅಮ್ಮನ ಸೀರೆಯ ಮೇಲೆ ಒಂದು ಹನಿ ಬೀಳಲಿಲ್ಲ.

ಕಷ್ಟಗಳನ್ನು ಮುಚ್ಚಿಡುವುದಿಲ್ಲ. ಸ್ಟಿಯರಿಂಗ್ ಚಕ್ರ ಬಸ್ಸಿನಂತೆ ಅಡ್ಡಡ್ಡ ಮಲಗಿದೆ. ನಿಂತಲ್ಲಿ ತಿರುಗಿಸಲು ತೋಳ ಬಲ ಬೇಕು. ನನ್ನ ಹೆಂಡತಿ ಇದನ್ನು ಇಕ್ಕಟ್ಟಿನಲ್ಲಿ ನಿಲ್ಲಿಸಲು ಒಪ್ಪುವುದಿಲ್ಲ, ಅದು ನ್ಯಾಯವಾದ ಮಾತು. ಗೇರಿನ ಕೋಲಿಗೂ ಪೆಟ್ಟಿಗೆಗೂ ನಡುವೆ ಕೇಬಲ್ಲುಗಳಿರುವುದರಿಂದ ಎರಡನೆಯ ಗೇರನ್ನು ಅವಸರಿಸಿದರೆ ಮುನಿಯುತ್ತದೆ. ಎಂಜಿನ್ನಿಗೂ ಗೇರಿಗೂ ಒಂದೇ ಎಣ್ಣೆಯಾದ್ದರಿಂದ 3,000 ಮೈಲಿಗೊಮ್ಮೆ ತಪ್ಪದೆ ಬದಲಿಸುತ್ತೇನೆ. ಕಳೆದ ಸಪ್ಟೆಂಬರಿನ ಒಂದು ಬೆಳಿಗ್ಗೆ ನೋಡಿದರೆ ಕಾರು ಎಡಕ್ಕೆ ಕುಸಿದು ಕೂತಿತ್ತು. ಅರ್ಧ ಶತಮಾನ ದುಡಿದ ರಬ್ಬರ್ ಹೋಸೊಂದು ಬಿರಿದಿತ್ತು. ಹೊಸ ಹೋಸು ಹಾಕಿ, ಪರಿಚಯದವರ ಹಳೆಯ ಪಂಪಿನಿಂದ ದ್ರವ ತುಂಬಿದಾಗ ಮಂಡಿಯೂರಿದ ಒಂಟೆ ಎದ್ದ ಹಾಗೆ ನಿಧಾನವಾಗಿ ಎದ್ದು ನಿಂತಿತು. ಮಕ್ಕಳು ಚಪ್ಪಾಳೆ ತಟ್ಟಿದರು.

ಕೊಳ್ಳುವ ಮನಸ್ಸಿರುವವರಿಗೆ ನನ್ನ ಮಾತು ಹೀಗೆ. ಹಳೆಯ ಕಾರು ಇದೇ ಮೊದಲಾದರೆ, ಮನೆಯಲ್ಲಿ ಇಬ್ಬರು ಮೂವರಷ್ಟೇ ಇದ್ದರೆ ಹಂಟರ್ ಕೊಳ್ಳಿ. ಅದು ಕೈ ಬಿಡುವುದಿಲ್ಲ. ತಗಡು ಬೆಸೆಯಲು ಸ್ವತಃ ಬರುವವರು ಮಾತ್ರ ವಿಕ್ಟರ್ ಮುಟ್ಟಿ. ಹಿಂದಿನ ಸೀಟಿನಲ್ಲಿ ಕೂರುವವರು ನಿಮಗೆ ಮುಖ್ಯರಾದರೆ ಆಸ್ಟಿನ್ 1800 ಹುಡುಕಿ. ಎಂಜಿಬಿ ಸ್ಪೋರ್ಟ್ಸ್ ಕಾರಿನಲ್ಲೂ ಇದೇ 1798 ಸಿಸಿ ಎಂಜಿನ್ ಇರುವುದರಿಂದ ಅದರ ಒಳಭಾಗಗಳಲ್ಲಿ ಹಲವು ಇಂದಿಗೂ ಅಂಗಡಿಯಲ್ಲಿ ಸಿಗುತ್ತವೆ. ನೋಡಲು ಹೋದಾಗ ಮೊದಲು ಕಾರಿನಿಂದ ಹತ್ತು ಹೆಜ್ಜೆ ಹಿಂದೆ ನಿಂತು, ಎರಡೂ ಮಗ್ಗುಲು ಒಂದೇ ಎತ್ತರದಲ್ಲಿವೆಯೇ ಎಂದು ನೋಡಿ. 2021ರಿಂದ ಇಲ್ಲಿನ ಸಾಮಾನ್ಯ ಪೆಟ್ರೋಲಿನಲ್ಲಿ ಶೇಕಡ 10ರವರೆಗೆ ಎಥೆನಾಲ್ ಇದೆ, ಹಳೆಯ ರಬ್ಬರಿಗೆ ಅದು ಆಗದು. ಐದರ ಮಿತಿಯ ದುಬಾರಿ ಪೆಟ್ರೋಲನ್ನೇ ಹಾಕಿ. ಶೇಕಡ 20ರ ಮಿಶ್ರಣ ಬಂದಿರುವ ನಮ್ಮೂರಿನಲ್ಲಿ ಅಂಬಾಸಿಡರ್ ಉಳಿಸಿಕೊಂಡವರು ಇಂಧನದ ಹೋಸುಗಳನ್ನು ಇನ್ನೂ ಬೇಗ ಬದಲಿಸಬೇಕು.

ಅಮ್ಮ ಮೇ ತಿಂಗಳಿಗೆ ಮತ್ತೆ ಬರುತ್ತಿದ್ದಾರೆ. ಅಷ್ಟರೊಳಗೆ ಬಲಗಡೆಯ ಹೋಸನ್ನೂ ಬದಲಿಸಿ ಮುಗಿಸಬೇಕು.