ಲಿವರ್ ಬೀಳುತ್ತೆ, ದೀಪ ಉರಿಯುತ್ತೆ ಅಂತ ಫೋರ್ ವೀಲ್ ಗಾಡಿ ಕೊಳ್ಳಬೇಡಿ

ಕುದುರೆ ಟ್ರೇಲರ್ ಎಳೆಯೋಕೆ ಹಳೆಯ ಫೋರ್ ವೀಲ್ ಡ್ರೈವ್ (ನಾಲ್ಕೂ ಚಕ್ರಕ್ಕೆ ಎಂಜಿನ್ ಶಕ್ತಿ ಹೋಗುವ) ಗಾಡಿ ಹುಡುಕುತ್ತಿದ್ದೀರಾ? ಮುಂಗಡ ಕೊಡುವ ಮೊದಲು ದಯವಿಟ್ಟು ಇದನ್ನು ಪೂರ್ತಿ ಓದಿ. ನಾನು ನೋಡದೆ ಬಿಟ್ಟ ಒಂದೇ ಒಂದು ವಿಷಯಕ್ಕೆ ನಮ್ಮ ಎರಡು ಕುದುರೆ, ಅವನ್ನು ನೋಡಿಕೊಳ್ಳುವ ಸೈಸ್ ಹುಡುಗ, ಮೂವರೂ ಕೆರೆ ಪಾಲಾಗಬೇಕಿತ್ತು.

ನಮ್ಮ ತೋಟ ಕುಣಿಗಲ್ ಹತ್ತಿರ. ಟಿಪ್ಪು ಸುಲ್ತಾನ್ ಕಾಲದಿಂದ ಕುದುರೆ ಸಾಕಿದ ಊರು ಇದು. ರೇಸಿನಿಂದ ಹೊರಬಿದ್ದ ಕುದುರೆಗಳನ್ನು ತಂದು ಸಾಕುವವರು ಸುತ್ತಮುತ್ತ ಒಂದಷ್ಟು ಜನ ಇದ್ದೇವೆ. ನಮ್ಮಲ್ಲಿ ಮೊದಲು ಮೂರಿದ್ದವು. ಒಂದು ರಾತ್ರಿ ಹನ್ನೊಂದಕ್ಕೆ ಅದರಲ್ಲಿ ಒಂದಕ್ಕೆ ಹೊಟ್ಟೆನೋವು ಶುರುವಾಯಿತು. ಕುದುರೆಗೆ ವಾಂತಿ ಮಾಡೋಕೆ ಆಗಲ್ಲ, ಹೊಟ್ಟೆಯಲ್ಲಿ ಸಿಕ್ಕಿಕೊಂಡಿದ್ದು ಸಿಕ್ಕಿಕೊಂಡ ಹಾಗೇ ಇರುತ್ತೆ. ಬಂದ ಡಾಕ್ಟರು ಸೂಜಿ ಹಾಕಿ, ತಕ್ಷಣ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿಗೆ ಕರೆದುಕೊಂಡು ಹೋಗಿ ಎಂದರು. 70 ಕಿ.ಮೀ. ಆಸುಪಾಸು ದೂರ. ಆ ಹೊತ್ತಿನಲ್ಲಿ ಕುದುರೆ ಸಾಗಿಸುವ ಗಾಡಿ ಎಲ್ಲಿ ಸಿಗಬೇಕು? ಬೆಳಗಿನ ಜಾವ ನಾಲ್ಕಕ್ಕೆ ಅದು ನಮ್ಮ ಅಂಗಳದಲ್ಲೇ ಪ್ರಾಣ ಬಿಟ್ಟಿತು. ಅವತ್ತೇ ತೀರ್ಮಾನ ಮಾಡಿದೆ, ಸ್ವಂತ ಟ್ರೇಲರ್, ಸ್ವಂತ ಗಾಡಿ ಇರಲೇಬೇಕು ಅಂತ.

ಎರಡು ಕುದುರೆಯ ಟ್ರೇಲರ್ ಸಿಕ್ಕಿತು. ಖಾಲಿ ತೂಕವೇ 900 ಕಿಲೊ. ರೇಸ್ ಜಾತಿಯ ಒಂದು ಕುದುರೆ 450ರಿಂದ 550 ಕಿಲೊ ತೂಗುತ್ತೆ. ಎರಡನ್ನೂ ಹತ್ತಿಸಿದರೆ ಎರಡು ಟನ್ ಹತ್ತಿರ ಬಂತು. ಎಳೆಯೋಕೆ ಗಾಡಿ ಬೇಕಲ್ಲ? ತುಮಕೂರಿನ ಒಬ್ಬ ದಲ್ಲಾಳಿ ತೋರಿಸಿದ. ಮಡಿಕೇರಿ ನೋಂದಣಿ, ಕೆಎ-12. 'ಕಾಫಿ ಎಸ್ಟೇಟ್ ಗಾಡಿ ಸ್ವಾಮಿ, ಒಬ್ರೇ ಓನರ್. ಫೋರ್ ವೀಲ್ ಅಂದ್ರೆ ಇದೇ' ಎಂದ. ಮುಂಚೆಯೇ ಹಿಂದೆ ಕೊಕ್ಕೆ ಹಾಕಿಸಿದ್ದರು. ಗಾಡಿಯ ಹೆಸರು ಬರೆಯುವುದಿಲ್ಲ, ಆ ಕಂಪನಿಯ ತಪ್ಪು ಇದರಲ್ಲಿ ಏನೂ ಇಲ್ಲ.

ನಾನು ಏನು ನೋಡಿದೆ ಅಂತ ಹೇಳ್ತೀನಿ. ಬಾನೆಟ್ ಎತ್ತಿ ಎಂಜಿನ್ ಸದ್ದು ಕೇಳಿದೆ. ಹೊಗೆ ನೋಡಿದೆ. ಟಾರ್ ರಸ್ತೆಯಲ್ಲಿ ಹತ್ತು ಕಿಲೋಮೀಟರ್ ಓಡಿಸಿದೆ. ಫೋರ್ ವೀಲ್ ಲಿವರ್ ಎಳೆದೆ, 'ಟಕ್' ಅಂತ ಕೂತಿತು, ಡ್ಯಾಶ್‌ಬೋರ್ಡಲ್ಲಿ ಹಸಿರು ದೀಪ ಹತ್ತಿತು. ಅಡಿಯಲ್ಲಿ ಬಗ್ಗಿ ನೋಡಿದಾಗ ಎಲ್ಲ ಹೊಸದಾಗಿ ಕಪ್ಪು ಬಳಿದಿತ್ತು. ಕೊಡಗಿನ ಮಳೆಗೆ ತುಕ್ಕು ಹಿಡಿಯಬಾರದು ಅಂತ ಬಳಿಸಿದ್ದಾರೆ, ಚೆನ್ನಾಗಿ ನೋಡಿಕೊಂಡಿದ್ದಾರೆ ಅಂತ ಖುಷಿಪಟ್ಟೆ. 5 ಲಕ್ಷದ 40 ಸಾವಿರಕ್ಕೆ ಮಾತಾಯಿತು. ಗಾಡಿಯನ್ನು ಹೆಸರಿಗೆ ಮಾಡಿಸುವ ಫಾರಂ 29, 30ಕ್ಕೆ ಸಹಿ, ಕಾಗದದಲ್ಲಿ ಒಂದೂ ಕೊರತೆ ಇರಲಿಲ್ಲ.

ಸೆಪ್ಟೆಂಬರ್ ಕೊನೆ. ಉತ್ತರೆ ಮಳೆ ಹಿಡಿದಿತ್ತು. ನಮ್ಮ ಹೆಣ್ಣು ಕುದುರೆ ಗೌರಿಯ ಹಿಂಗಾಲು ತೋರಿಸೋಕೆ ಹೆಬ್ಬಾಳಕ್ಕೆ ಹೋಗಿ ಬರುತ್ತಿದ್ದೆವು. ಅವಳೊಬ್ಬಳೇ ಹೋದರೆ ಗಾಬರಿಯಾಗುತ್ತಾಳೆ ಅಂತ ಜೊತೆಗೆ ಗಂಡು ಕುದುರೆಯನ್ನೂ ಹತ್ತಿಸಿದ್ದೆವು. ಹೆದ್ದಾರಿಯಲ್ಲಿ ಹೋಗುವಾಗಲೂ ಬರುವಾಗಲೂ ಏನೂ ತೊಂದರೆ ಇಲ್ಲ. ಟಾರ್ ಮೇಲೆ ಇಂಥ ಗಾಡಿ ಹೇಗೂ ಹಿಂದಿನ ಎರಡು ಚಕ್ರದಲ್ಲೇ ಓಡೋದು, ಫೋರ್ ವೀಲ್ ಹಾಕಬಾರದು ಕೂಡ. ಹಾಗಾಗಿ ಗುಟ್ಟು ಬಯಲಾಗಲಿಲ್ಲ.

ಟಾರ್ ಬಿಟ್ಟು ನಮ್ಮ ತೋಟಕ್ಕೆ ಬರಬೇಕಾದರೆ ಕೆರೆ ಏರಿ ಹತ್ತಬೇಕು. ಕೋಡಿ ಪಕ್ಕದಿಂದ ಐವತ್ತು ಅಡಿಯಷ್ಟು ಕೆಮ್ಮಣ್ಣಿನ ಏರು. ಅರ್ಧ ಹತ್ತಿದ್ದೆ, ಹಿಂದಿನ ಚಕ್ರ ಜಾರೋಕೆ ಶುರುವಾಯಿತು. ಇದಕ್ಕೇ ತಾನೇ ಫೋರ್ ವೀಲ್ ಇರೋದು ಅಂತ ನಿಲ್ಲಿಸಿ ಫೋರ್ ಲೋಗೆ (ನಾಲ್ಕೂ ಚಕ್ರ ನಿಧಾನವಾಗಿ, ಹೆಚ್ಚು ಬಲದಿಂದ ತಿರುಗುವ ಗೇರಿಗೆ) ಹಾಕಿದೆ. ದೀಪ ಹತ್ತಿತು. ಕ್ಲಚ್ ಬಿಟ್ಟೆ. ಹಿಂದಿನ ಚಕ್ರ ಮಣ್ಣು ಎರಚಿತು. ಕಿಟಕಿಯಿಂದ ತಲೆ ಹೊರಗೆ ಹಾಕಿ ನೋಡಿದರೆ ಮುಂದಿನ ಚಕ್ರ ಸತ್ತಂತೆ ನಿಂತಿತ್ತು. ಒಂದು ಸುತ್ತೂ ಇಲ್ಲ.

ಆಮೇಲೆ ಇಡೀ ಗಾಡಿ ಹಿಂದಕ್ಕೆ ಜಾರಿತು. ಬ್ರೇಕ್ ಒತ್ತಿಯೇ ಇದ್ದೆ, ಚಕ್ರ ನಿಂತಿದ್ದರೂ ಮಣ್ಣಿನ ಮೇಲೆ ಗಾಡಿ ಜಾರುತ್ತಲೇ ಇತ್ತು. ಟ್ರೇಲರ್ ಮೊಣಕೈ ಮಡಿಸಿದ ಹಾಗೆ ಅಡ್ಡ ತಿರುಗಿ, ಅದರ ಹಿಂಬಾಗಿಲು ನೀರಿನ ಕಡೆಗೆ ಮುಖ ಮಾಡಿ ನಿಂತಿತು. ಇನ್ನು ಆರು ಅಡಿ ಇದ್ದಿರಬಹುದು. ಹುಡುಗ ಧುಮುಕಿ ಚಕ್ರಕ್ಕೆ ಕಲ್ಲು ಕೊಟ್ಟ. ಒಳಗೆ ಗೌರಿ ಒದೆಯೋಕೆ ಶುರು ಮಾಡಿದ್ದಳು. ತಗಡಿನ ಮೇಲೆ ಲಾಳ ಬಡಿಯುವ ಆ ಸದ್ದು ಈಗಲೂ ನಿದ್ದೆಯಲ್ಲಿ ಕೇಳುತ್ತೆ. ಹಿಂಬಾಗಿಲು ಇಳಿಸಿ ಹೊರಗೆ ತರೋಣ ಅಂದರೆ ಹಿಂದೆ ನೀರು. ಹುಡುಗ ಪಕ್ಕದ ಸಣ್ಣ ಬಾಗಿಲಿಂದ ಒಳಗೆ ಹೋಗಿ ಅವಳ ಕತ್ತು ತಬ್ಬಿಕೊಂಡು ನಿಂತ. ನಾನು ಬೇಡ ಅಂತ ಕೂಗಿದೆ, ಕೇಳಲಿಲ್ಲ. ಪಕ್ಕದ ತೋಟದವರು ಟ್ರ್ಯಾಕ್ಟರ್ ತಂದು ಮುಂದಿನಿಂದ ಚೈನ್ ಕಟ್ಟಿ ಎಳೆಯುವ ಹೊತ್ತಿಗೆ ಮುಕ್ಕಾಲು ಗಂಟೆ ಆಗಿತ್ತು. ಆ ಮುಕ್ಕಾಲು ಗಂಟೆ ಅವನು ಅಲ್ಲೇ ಇದ್ದ. ಗೌರಿಯ ಹಿಂಗಾಲು ಗೊರಸಿನ ಮೇಲ್ಭಾಗದಲ್ಲಿ ಮೂಳೆ ಕಾಣುವಷ್ಟು ಸೀಳಿತ್ತು.

ಮಾರನೇ ದಿನ ತುಮಕೂರಿನಿಂದ ಪರಿಚಯದ ಮೇಸ್ತ್ರಿ ಬಂದರು. ಮೂವತ್ತು ವರ್ಷದಿಂದ ಜೀಪು ಬಿಚ್ಚಿದವರು. ಗೋಣಿಚೀಲ ಹಾಸಿ ಅಡಿಗೆ ಹೋದರು, ಒಂದು ನಿಮಿಷಕ್ಕೆ ನನ್ನನ್ನೂ ಕರೆದರು. 'ಬನ್ನಿ ಅಣ್ಣ, ಮಲಕ್ಕೊಂಡು ನೋಡಿ. ಗೇರ್ ಬಾಕ್ಸಿಂದ ಹಿಂದಕ್ಕೆ ಶಾಫ್ಟ್ ಇದೆ. ಮುಂದಕ್ಕೆ ಎಲ್ಲಿದೆ?'

ಇರಲಿಲ್ಲ. ಮುಂದಿನ ಆಕ್ಸಲಿಗೆ ಹೋಗುವ ಪ್ರೊಪೆಲ್ಲರ್ ಶಾಫ್ಟನ್ನೇ ಬಿಚ್ಚಿ ತೆಗೆದಿದ್ದರು. ಶಾಫ್ಟ್ ಕೂರಬೇಕಾದ ಜಾಗದಲ್ಲಿ ನಾಲ್ಕು ಬೋಲ್ಟಿನ ತೂತು, ಅದರ ಮೇಲೂ ಕಪ್ಪು ಬಣ್ಣ. ಮುಂದಿನ ಆಕ್ಸಲಿನ ಕ್ರೌನ್ ಗೇರಿನ ಹಲ್ಲು ಮುರಿದಿತ್ತು, ರಿಪೇರಿ ಮಾಡಿಸುವ ಬದಲು ಶಾಫ್ಟ್ ತೆಗೆದುಬಿಟ್ಟಿದ್ದಾರೆ. ಹಾಗಾದರೆ ದೀಪ ಹೇಗೆ ಹತ್ತಿತು ಎಂದು ಕೇಳಿದೆ. ಆ ದೀಪದ ಸ್ವಿಚ್ ಇರೋದು ಎಂಜಿನ್ ಶಕ್ತಿಯನ್ನು ಮುಂದಕ್ಕೂ ಹಿಂದಕ್ಕೂ ಹಂಚುವ ಟ್ರಾನ್ಸ್‌ಫರ್ ಕೇಸ್ ಒಳಗೆ. ಒಳಗಿನ ಗೇರ್ ಕೂತಿತೋ ಇಲ್ಲವೋ ಅಂತ ಮಾತ್ರ ಅದು ಹೇಳುತ್ತೆ. ಅಲ್ಲಿಂದ ಮುಂದೆ ಚಕ್ರದ ತನಕ ಶಕ್ತಿ ಹೋಯಿತೋ ಇಲ್ಲವೋ ಅದಕ್ಕೆ ಗೊತ್ತಾಗಲ್ಲ. ಶಾಫ್ಟ್ ಇಲ್ಲದಿದ್ದರೂ ಲಿವರ್ ಬೀಳುತ್ತೆ, ದೀಪ ಉರಿಯುತ್ತೆ. ದಯವಿಟ್ಟು ಈ ಮಾತನ್ನು ನೆನಪಿಟ್ಟುಕೊಳ್ಳಿ.

ಅಷ್ಟಕ್ಕೇ ಮುಗಿಯಲಿಲ್ಲ. ಮೇಸ್ತ್ರಿ ಸ್ಕ್ರೂಡ್ರೈವರ್ ಹಿಡಿಯಿಂದ ಚಾಸಿಯನ್ನು ಉದ್ದಕ್ಕೂ ತಟ್ಟುತ್ತಾ ಬಂದರು. ಮುಂದೆ ಠಣ್ ಠಣ್ ಅನ್ನುತ್ತಿತ್ತು. ಹಿಂದಿನ ಅಡ್ಡಪಟ್ಟಿಗೆ ಬಂದಾಗ ಸದ್ದು ಮಂದವಾಯಿತು. ಕಪ್ಪು ಬಣ್ಣ ಕೆರೆದರೆ ತುಕ್ಕು ಹಪ್ಪಳದ ಹಾಗೆ ಪದರ ಪದರ ಎದ್ದು ಬಂತು. ಟ್ರೇಲರ್ ಕೊಕ್ಕೆಯನ್ನು ಬೋಲ್ಟ್ ಹಾಕಿ ಚಾಸಿಗೆ ಬಿಗಿದಿರಲಿಲ್ಲ, ಅದೇ ತುಕ್ಕಿನ ಪಟ್ಟಿಗೆ ವೆಲ್ಡ್ ಮಾಡಿದ್ದರು. ವೆಲ್ಡಿನ ಸುತ್ತ ಉಗುರು ಸಿಕ್ಕುವಷ್ಟು ಬಿರುಕು ಬಿಟ್ಟಿತ್ತು. ಆ ಕೊಕ್ಕೆ ನಂಬಿಕೊಂಡು ನಾನು ಎರಡು ಜೀವವನ್ನು ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಎಳೆದುಕೊಂಡು ಹೋಗಿ ಬಂದಿದ್ದೆ.

ದಲ್ಲಾಳಿಗೆ ಫೋನ್ ಮಾಡಿದೆ. 'ನಾನೂ ಹಾಗೇ ತಗೊಂಡಿದ್ದು, ನೀವೇ ನೋಡಿ ಒಪ್ಪಿದ್ದಲ್ವಾ' ಎಂದ. ಸಾಮಾನು ಹೇರೋಕೆ ಗಾಡಿ ಬೇಕು ಅಂದವನಿಗೆ ಇದನ್ನು ಮುಚ್ಚಿಟ್ಟರೂ ತಪ್ಪೇ. ಕುದುರೆ ಎಳೆಯೋಕೆ ಅಂತ ಎರಡು ಸಲ ಹೇಳಿದ್ದೆ. ಅದನ್ನು ಕೇಳಿಸಿಕೊಂಡೂ ಕೊಟ್ಟಿದ್ದನ್ನು ನಾನು ಕ್ಷಮಿಸಲಾರೆ.

ಎರಡನೇ ಸಲ ಹುಡುಕುವಾಗ ಮೇಸ್ತ್ರಿಯನ್ನು ದಿನದ ಕೂಲಿ ಕೊಟ್ಟು ಜೊತೆಗೇ ಕರೆದುಕೊಂಡು ಹೋದೆ. ಅವರು ಗಾಡಿ ನೋಡುವ ರೀತಿಯೇ ಬೇರೆ. ಮೊದಲು ಅಡಿಗೆ ಹೋಗೋದು, ಬಾನೆಟ್ ಕೊನೆಗೆ. ಎರಡೂ ಶಾಫ್ಟ್ ಇದೆಯಾ, ಕೈಯಲ್ಲಿ ಹಿಡಿದು ತಿರುಗಿಸಿದರೆ ಜಾಯಿಂಟ್ ಎಷ್ಟು ಆಡುತ್ತೆ ಅಂತ ನೋಡೋದು. ಆಮೇಲೆ ಸಮತಟ್ಟಾದ ಜಾಗದಲ್ಲಿ ಎಂಜಿನ್ ಆಫ್ ಮಾಡಿ, ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು, ಮುಂದಿನ ಒಂದೇ ಒಂದು ಚಕ್ರಕ್ಕೆ ಜಾಕ್ ಕೊಟ್ಟು ಎತ್ತೋದು. ಟೂ ವೀಲ್‌ನಲ್ಲಿ ಇದ್ದಾಗ ಆ ಚಕ್ರ ಕೈಯಲ್ಲಿ ತಿರುಗಬೇಕು. ಫೋರ್ ವೀಲ್‌ಗೆ ಹಾಕಿ, ಹಬ್ ಲಾಕ್ (ಮುಂದಿನ ಚಕ್ರವನ್ನು ಆಕ್ಸಲಿಗೆ ಕೂಡಿಸುವ ಕೊಂಡಿ) ಇರುವ ಗಾಡಿಯಾದರೆ ಅದನ್ನೂ ಲಾಕ್ ಮಾಡಿದ ಮೇಲೆ ಸ್ವಲ್ಪ ಅಲುಗಾಡಿ ಗಟ್ಟಿಯಾಗಿ ನಿಂತುಬಿಡಬೇಕು. ಆಗಲೂ ಸುಮ್ನೆ ತಿರುಗಿದರೆ ಎಲ್ಲೋ ಕೊಂಡಿ ತಪ್ಪಿದೆ ಅಂತ ಅರ್ಥ. ಐದು ನಿಮಿಷದ ಕೆಲಸ. ನಾನು ಇದೊಂದನ್ನು ಮಾಡಿದ್ದರೆ ಗೌರಿಯ ಕಾಲಿಗೆ ಗಾಯ ಆಗುತ್ತಿರಲಿಲ್ಲ.

ಕೋಲಾರದಲ್ಲಿ ಒಂದು ಗಾಡಿ ನೋಡಿದೆವು, ಹೊರಗೆ ಕನ್ನಡಿಯ ಹಾಗಿತ್ತು. ಮುಂದಿನ ಆಕ್ಸಲಿನ ಗೇರು ಇರುವ ಹೌಸಿಂಗ್‌ನ ಆಯಿಲ್ ಬೋಲ್ಟ್ ಬಿಚ್ಚಿಸಿದರೆ ಹಾಲು ಹಾಕಿದ ಟೀ ಬಣ್ಣದ ಆಯಿಲ್ ಬಂತು. ನೀರು ಸೇರಿದೆ ಅಂತ ಅರ್ಥ. ಬಿಟ್ಟು ಬಂದೆವು. ಚಿಕ್ಕಬಳ್ಳಾಪುರದ ಗಾಡಿಯಲ್ಲಿ ಹಿಂದೆ ಎರಡು ಹೊಸ ಟೈರು, ಮುಂದೆ ಎರಡು ಬೇರೆ ಅಳತೆಯ ಹಳೆಯವು. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತೆ, 2316 ಅಂತಿದ್ದರೆ 2016ರ 23ನೇ ವಾರದ್ದು. ಹಳತಾಗಿದ್ದು ಒಂದು ಕಡೆ ಇರಲಿ, ಮುಂದಿನದ್ದಕ್ಕೂ ಹಿಂದಿನದ್ದಕ್ಕೂ ಅಳತೆ ಬೇರೆ ಇದ್ದರೆ ಫೋರ್ ವೀಲ್ ಹಾಕಿದಾಗ ಒಂದು ಜೊತೆ ಇನ್ನೊಂದನ್ನು ಜಗ್ಗುತ್ತಲೇ ಇರುತ್ತೆ, ಗೇರುಗಳು ತಿಂದುಹೋಗುತ್ತವೆ. ಇನ್ನೊಂದು ದೆಹಲಿಯಿಂದ ಬಂದದ್ದು. ಅಲ್ಲಿ ಹತ್ತು ವರ್ಷ ದಾಟಿದ ಡೀಸೆಲ್ ಗಾಡಿಗೆ ಕಡಿವಾಣ ಇದ್ದದ್ದರಿಂದ ನಮ್ಮ ಕಡೆಗೆ ತುಂಬ ಬಂದಿವೆ. ಬೆಲೆ ಕಮ್ಮಿ ಅನ್ನಿಸುತ್ತೆ, ಎನ್ಒಸಿ (ನಿರಾಕ್ಷೇಪಣಾ ಪತ್ರ) ತರಿಸಿ ಇಲ್ಲಿ ತೆರಿಗೆ ಕಟ್ಟುವಾಗ ಲೆಕ್ಕ ಸರಿಹೋಗುತ್ತೆ. ಅದರ ಕ್ಲಚ್ಚನ್ನು ಮೇಸ್ತ್ರಿ ಹೀಗೆ ನೋಡಿದರು: ಹ್ಯಾಂಡ್ ಬ್ರೇಕ್ ಎಳೆದು, ಮೂರನೇ ಗೇರಿಗೆ ಹಾಕಿ ಕ್ಲಚ್ ಬಿಟ್ಟರು. ಎಂಜಿನ್ ಗಕ್ಕನೆ ಆಫ್ ಆಗಬೇಕಿತ್ತು, ಗುರ್ ಅಂತ ಓಡುತ್ತಲೇ ಇತ್ತು. ಎರಡು ಟನ್ ಎಳೆಯೋಕೆ ಹೋದರೆ ಮೊದಲ ಏರಲ್ಲೇ ಪ್ಲೇಟ್ ಸುಟ್ಟು ವಾಸನೆ ಬರುತ್ತಿತ್ತು.

ಫೋರ್ ವೀಲ್ ಒಂದಿದ್ದರೆ ಸಾಕು ಅಂತಲೂ ಅಂದುಕೊಳ್ಳಬೇಡಿ. ಕುದುರೆ ಸಿಮೆಂಟ್ ಮೂಟೆ ಅಲ್ಲ. ನಿಂತುಕೊಂಡೇ ಬರುತ್ತೆ, ಭಾರವೆಲ್ಲ ಮೇಲೆ ಇರುತ್ತೆ, ತಿರುವಿನಲ್ಲಿ ವಾಲುತ್ತೆ. ಎಳೆಯುವ ಗಾಡಿ ಗಿಡ್ಡವಾಗಿದ್ದರೆ ಹಿಂದಿನ ಭಾರವೇ ಅದನ್ನು ಆಡಿಸುತ್ತೆ. 2020ರ ನಂತರದ ಮೂರು ಬಾಗಿಲಿನ ಮಹೀಂದ್ರ ಥಾರ್‌ನಲ್ಲಿ ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ಮಧ್ಯೆ 2450 ಮಿ.ಮೀ. ಇದೆ, ಇಸುಜು ವಿ-ಕ್ರಾಸ್‌ನಲ್ಲಿ 3095. ಥಾರ್ ಒಳ್ಳೆಯ ಗಾಡಿ, ಬೆಟ್ಟ ಹತ್ತೋಕೆ ಅದನ್ನೇ ತಗೊಳ್ಳಿ. ಎರಡು ಕುದುರೆ ಎಳೆಯೋಕೆ ಉದ್ದದ ಗಾಡಿಯೇ ಸರಿ ಅಂತ ನನ್ನ ಗಟ್ಟಿ ಅಭಿಪ್ರಾಯ. ಎಳೆಯುವ ಗಾಡಿ ಹಿಂದೆ ಬರುವುದಕ್ಕಿಂತ ಭಾರವಾಗಿದ್ದಷ್ಟೂ ಒಳ್ಳೆಯದು. ಎಷ್ಟು ಕಿಲೊ ಎಳೆಯಬಹುದು ಅಂತ ಆ ಮಾಡೆಲ್‌ನ ಕೈಪಿಡಿಯಲ್ಲಿ ನೋಡಿಕೊಳ್ಳಿ, ದಲ್ಲಾಳಿ ಬಾಯಲ್ಲಿ ಕೇಳಬೇಡಿ. ಟ್ರೇಲರ್‌ಗೆ ಅದರದೇ ಬ್ರೇಕ್ ಇರಬೇಕು. ಬ್ರಿಟನ್‌ನಲ್ಲಿ 750 ಕಿಲೊ ದಾಟಿದ ಟ್ರೇಲರ್‌ಗೆ ಅದು ಕಡ್ಡಾಯ, ನಮ್ಮ ಟ್ರೇಲರ್ ಖಾಲಿಯಿದ್ದಾಗಲೇ ಅದನ್ನು ಮೀರುತ್ತೆ. ಒಂದೇ ಕುದುರೆ ಒಯ್ಯುವಾಗ ಬಲಗಡೆ ನಿಲ್ಲಿಸಿ. ನಮ್ಮ ರಸ್ತೆ ಎಡಕ್ಕೆ ಇಳಿಜಾರು, ಎಡಗಡೆ ಭಾರ ಬಿದ್ದರೆ ಅಂಚಿಗೆ ಎಳೆಯುತ್ತೆ. ಟ್ರೇಲರ್ ಕೂಡ ಕಾಯ್ದೆಯಲ್ಲಿ ಮೋಟಾರು ವಾಹನವೇ, ಅದಕ್ಕೂ ನೋಂದಣಿ, ವಿಮೆ ಮಾಡಿಸಿ.

ಕೊನೆಗೆ ತಿಪಟೂರಿನಲ್ಲಿ ಒಂದು ಉದ್ದನೆಯ ಪಿಕಪ್ ಸಿಕ್ಕಿತು. ಬಣ್ಣ ಮಾಸಿದೆ, ಬಾಗಿಲಲ್ಲಿ ಗೀರು ಇದೆ. ಅಡಿಯಲ್ಲಿ ಯಾರೂ ಕಪ್ಪು ಬಳಿದಿಲ್ಲ, ಎಲ್ಲ ಕಣ್ಣಿಗೆ ಕಾಣುತ್ತೆ. ಕೊಕ್ಕೆಯನ್ನು ಚಾಸಿಯ ಎರಡೂ ಉದ್ದಪಟ್ಟಿಗೆ ಬೋಲ್ಟ್ ಹಾಕಿಸಿ ಕೂರಿಸಿದ್ದೇವೆ. ಕೆರೆ ಏರಿಯನ್ನು ಮೊದಲು ಖಾಲಿ ಟ್ರೇಲರ್‌ನಲ್ಲಿ, ಆಮೇಲೆ ಹುರುಳಿ ಮೂಟೆ ಹೇರಿಕೊಂಡು, ಮಳೆ ಬಂದ ಮಾರನೇ ದಿನವೇ ಹತ್ತಿಸಿ ನೋಡಿದೆ. ನಾಲ್ಕೂ ಚಕ್ರ ಮಣ್ಣು ಹಿಡಿದು ಹತ್ತಿದವು. ಹಳೆಯ ಗಾಡಿ ಹುಲ್ಲು, ಬೂಸಾ ತರೋಕೆ ಇದೆ. ಅದನ್ನು ಇನ್ನೊಬ್ಬರಿಗೆ ಮಾರಲು ನನಗೆ ಮನಸ್ಸಿಲ್ಲ.

ಗೌರಿಯ ಗಾಯ ಮಾಯಲು ಮೂರು ತಿಂಗಳು ಹಿಡಿಯಿತು. ಕುಂಟುವುದು ನಿಂತಿದೆ. ಟ್ರೇಲರ್ ಕಂಡರೆ ಮಾತ್ರ ಕಿವಿ ಹಿಂದಕ್ಕೆ ಮಡಚಿ ನಿಂತುಬಿಡುತ್ತಾಳೆ. ಅದನ್ನು ಅಂಗಳದಲ್ಲೇ ಬಾಗಿಲು ತೆಗೆದು ನಿಲ್ಲಿಸಿದ್ದೇವೆ, ಹುಡುಗ ದಿನಾ ಸಂಜೆ ಅದರೊಳಗೇ ಹುರುಳಿ ಇಡುತ್ತಾನೆ. ಹೋದ ಮಂಗಳವಾರ ಮುಂಗಾಲು ಎರಡೂ ಹಲಗೆ ಮೇಲೆ ಇಟ್ಟು, ಕತ್ತು ಚಾಚಿ ತಿಂದಳು.